ಟಿಬಿ ಕಾರ್ಡು ಹಿಡಿದೇ ಗೆದ್ದ ಆಸ್ಬೆಸ್ಟಾಸ್ ಕೇಸು

ಆಸ್ಬೆಸ್ಟಾಸ್ (ಕಲ್ನಾರು) ಧೂಳಿನ ಕೇಸು ತಂದವನ ಹತ್ತಿರ ಟಿಬಿ ಚಿಕಿತ್ಸೆಯ ಕಾರ್ಡು ಇದ್ದರೆ ರೋಗ ಧೂಳಿನದಲ್ಲ, ಟಿಬಿಯದು ಎಂದಾಗುತ್ತದೆ, ಆ ಕೇಸು ಮುಟ್ಟಬಾರದು ಎನ್ನುವುದು ನಮ್ಮ ಕಡೆ ಕಾರ್ಮಿಕರ ಪರ ಕೇಸು ನಡೆಸುವವರ ಹಳೆಯ ನಂಬಿಕೆ. ಹುಬ್ಬಳ್ಳಿಯ ಹಿರಿಯ ವಕೀಲರೊಬ್ಬರು ಚಹಾ ಕುಡಿಯುತ್ತ ನೇರವಾಗಿಯೇ ಹೇಳಿದ್ದರು: "ತಮ್ಮಾ, ಎದುರಿನವ ಆ ಕಾರ್ಡ್ ಒಂದ ಎತ್ತಿ ತೋರಸ್ತಾನ, ನಿನ್ನ ಕೇಸ್ ಅಲ್ಲೇ ಮುಗೀತು." ಎದುರಿನವರು ಎತ್ತುವ ಮೊದಲು ನಾನೇ ಎತ್ತಿದೆ. ಅರ್ಜಿಯ ಮೊದಲನೇ ದಾಖಲೆಯಾಗಿ ಅದನ್ನೇ ಹಾಕಿದೆ. ಕೇಸು ಗೆದ್ದಿತು, ಹೈಕೋರ್ಟಿನ ಧಾರವಾಡ ಪೀಠದಲ್ಲೂ ಆದೇಶ ನಿಂತಿತು, ದುಡ್ಡು ಕಕ್ಷಿದಾರರ ಖಾತೆಗೆ ಬಂತು. ಗದಗ, ರಾಣೆಬೆನ್ನೂರು ಕಡೆಯ ಗೆಳೆಯರು ಹೇಗೆ ಮಾಡಿದಿರಿ ಎಂದು ಕೇಳುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಕೈಬಿಟ್ಟುಹೋದ ಕೇಸುಗಳ ಮಾತು. ಗದಗ ಕಡೆಯ ಒಬ್ಬರು ಚಾವಣಿಗೆ ಸಿಮೆಂಟ್ ಶೀಟು ಕತ್ತರಿಸಿ ಕೂಡಿಸುವ ಕೆಲಸದಲ್ಲಿ ಆಯುಷ್ಯ ಕಳೆದಿದ್ದರು. ಎದೆಯ ಎರಡೂ ಬದಿಗೆ ಪ್ಲೂರಾ (ಪುಪ್ಪುಸದ ಹೊರಪೊರೆ) ಗಟ್ಟಿಯಾಗಿ ಸುಣ್ಣಗಟ್ಟಿದ್ದು ಸ್ಕ್ಯಾನಿನಲ್ಲಿ ಸ್ಪಷ್ಟವಾಗಿತ್ತು. ಮಾಲೀಕ ಬಂದು "ಈ ಮನಷ್ಯಾನ್ನ ನಾ ನೋಡೇ ಇಲ್ರೀ" ಎಂದ. ಮೇಸ್ತ್ರಿಯ ಕೈಕೆಳಗೆ ದುಡಿದವರಿಗೆ ಹಾಜರಿ ಪುಸ್ತಕ ಎಲ್ಲಿಯದು? ಕೇಸು ವಜಾ ಆಯಿತು. ರಾಣೆಬೆನ್ನೂರಿನ ಬ್ರೇಕ್ ಲೈನರ್ ಉಜ್ಜುವ ಅಂಗಡಿಯ ಹುಡುಗ ಸಾಕ್ಷಿ ಹೇಳುವ ಮೊದಲೇ ತೀರಿಕೊಂಡ. ಪೋಸ್ಟ್‌ಮಾರ್ಟಮ್ ಆಗಲಿಲ್ಲ, ಮರಣ ಪತ್ರದಲ್ಲಿ ಹೃದಯಾಘಾತ ಎಂದು ಬಂತು, ಹೆಂಡತಿ ಕೊಟ್ಟಷ್ಟು ತಗೊಂಡು ರಾಜಿಯಾದಳು. ಹಾವೇರಿ ಕೇಸಿನಲ್ಲಿ ಸರ್ಟಿಫಿಕೇಟ್ ಬರೆದ ಡಾಕ್ಟರಿಗೆ ವರ್ಗವಾಯಿತು. ಅವರು ಸಾಕ್ಷಿಗೆ ಬರಲೇ ಇಲ್ಲ, ಆ ಕಾಗದಕ್ಕೆ ಬೆಲೆ ಬರಲಿಲ್ಲ. ಈ ಮೂರು ಕೇಸುಗಳಲ್ಲಿ ಪುಪ್ಪುಸದ ಬಗ್ಗೆ ಒಂದು ದಿನವೂ ವಾದ ನಡೆಯಲಿಲ್ಲ. ಎಲ್ಲಿ ದುಡಿದ, ಎಂದಿನಿಂದ ಕೆಮ್ಮಿದ, ಯಾರು ಬರೆದುಕೊಂಡರು ಎನ್ನುವ ಮೂರು ಪ್ರಶ್ನೆಯಲ್ಲೇ ಕೇಸು ಮುಗಿದವು.

ಗೆದ್ದ ಕೇಸು ಕುಂದಗೋಳ ತಾಲೂಕಿನ ಒಬ್ಬ ಕಾಕಾ ಅವರದು. ಒಂದು ಗಿರಣಿಯಲ್ಲಿ ಕಾಂಟ್ರಾಕ್ಟರ್ ಕಡೆಯಿಂದ ಇಪ್ಪತ್ತು ವರ್ಷದ ಮೇಲೆ ಲ್ಯಾಗಿಂಗ್ ಕೆಲಸ. ಹಬೆಯ ಪೈಪಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತುವುದು, ಪುಡಿಯನ್ನು ನೀರಿಗೆ ಹಾಕಿ ಕೈಯಿಂದ ಕಲಸಿ ಬಾಯ್ಲರಿಗೆ ಮೆತ್ತುವುದು, ಹಳೆಯದನ್ನು ಸುತ್ತಿಗೆಯಿಂದ ಬಡಿದು ಉದುರಿಸುವುದು. ಬಡಿದು ಉದುರಿಸುವಾಗಲೇ ಹೆಚ್ಚು ನಾರು ಎದೆಗೆ ಹೋಗುವುದು. ಮುಖಕ್ಕೆ ಟಾವೆಲ್ ಬಿಟ್ಟರೆ ಬೇರೇನೂ ಇರಲಿಲ್ಲ. 2010ರ ಹೊತ್ತಿಗೆ ಕೆಲಸ ಬಿಟ್ಟರು. 2011ರಲ್ಲಿ ದಮ್ಮು, ಒಣ ಕೆಮ್ಮು. ಸರಕಾರಿ ದವಾಖಾನೆಯಲ್ಲಿ ಟಿಬಿ ಎಂದು ಆರು ತಿಂಗಳು ಗುಳಿಗೆ ಕೊಟ್ಟರು. ಗುಳಿಗೆ ಮುಗಿದರೂ ದಮ್ಮು ಇಳಿಯಲಿಲ್ಲ. ನನ್ನ ಹತ್ತಿರ ಬಂದಾಗ 2017. ಹೊಲಕ್ಕೆ ನಡೆದು ಹೋಗುವ ಶಕ್ತಿ ಇರಲಿಲ್ಲ, ಬೆರಳ ತುದಿ ಊದಿ ದುಂಡಗಾಗಿದ್ದವು. ಕಾಂಟ್ರಾಕ್ಟರ್ ಊರು ಬಿಟ್ಟಿದ್ದ. ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಂದಣಿ ಇರಲಿಲ್ಲ, ಹಾಗಾಗಿ ನೌಕರರ ಪರಿಹಾರ ಕಾಯ್ದೆಯ ದಾರಿ ತೆರೆದಿತ್ತು. ಇಎಸ್‌ಐ ಇದ್ದವರಿಗೆ ಇಎಸ್‌ಐ ಕಾಯ್ದೆಯ 53ನೇ ಕಲಂ ಅಡ್ಡ ಬರುತ್ತಿತ್ತು, ಅದನ್ನು ಮೊದಲೇ ನೋಡಿಕೊಂಡಿರುತ್ತೀರಿ.

ಕಾಕಾ ಟ್ರಂಕಿನಿಂದ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಆ ಟಿಬಿ ಕಾರ್ಡು ಇತ್ತು. "ಇದನ್ನ ಒಗೀಲೇನ್ರೀ ವಕೀಲ್ರ? ಎಲ್ಲಾರೂ ಇದ ತೊಡಕ ಅಂತಾರ." ನಾನು ಅದನ್ನು ಇಡೀ ರಾತ್ರಿ ನೋಡಿದೆ. ಅದು ಮೂರು ಕೆಲಸ ಮಾಡಬಲ್ಲದು ಎಂದು ಹೊಳೆಯಿತು.

ಮೊದಲನೆಯದು ತಾರೀಖು. ಪರಿಹಾರ ಕಾಯ್ದೆ ವೃತ್ತಿರೋಗವನ್ನೂ ಅಪಘಾತ ಎಂದೇ ಎಣಿಸುತ್ತಿತ್ತು. ಅದರ 10ನೇ ಕಲಮಿನ ಪ್ರಕಾರ, ಕೆಲಸ ಬಿಟ್ಟ ಎರಡು ವರ್ಷದೊಳಗೆ ರೋಗದ ಲಕ್ಷಣ ಕಾಣಿಸಿಕೊಂಡರೆ ಆ ಲಕ್ಷಣ ಮೊದಲು ಗೊತ್ತಾದ ದಿನವೇ ಅಪಘಾತದ ದಿನ. ಕಲ್ನಾರಿನ ರೋಗ ಹತ್ತಿಪ್ಪತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ವರ್ಷ ಸುಮ್ಮನಿದ್ದು ಮೇಲೆ ಬರುವಂಥದ್ದು. ಹೀಗಿರುವಾಗ ಎರಡು ವರ್ಷದೊಳಗಿನ ಕಾಗದ ಸಿಗುವುದೇ ದೊಡ್ಡದು. ಕಾರ್ಡಿನಲ್ಲಿ ಸರಕಾರಿ ಸೀಲು, ತಾರೀಖು, ಕೆಮ್ಮು ಎಷ್ಟು ದಿನದಿಂದ ಎನ್ನುವುದು, ಎಲ್ಲ ಇತ್ತು. ಎರಡನೆಯದು ಕಫ. ಕಾರ್ಡಿನುದ್ದಕ್ಕೂ ಕಫದ ಪರೀಕ್ಷೆ ನೆಗೆಟಿವ್. ಟಿಬಿ ಎಂದು ಹೇಳಿದ ಕಾಗದವೇ ಕ್ರಿಮಿ ಸಿಕ್ಕಿಲ್ಲ ಎಂದೂ ಹೇಳುತ್ತಿತ್ತು. ಮೂರನೆಯದು ತಡದ ಕಾರಣ. 2011ರ ಅಪಘಾತಕ್ಕೆ 2017ರಲ್ಲಿ ಅರ್ಜಿ ಹಾಕಿದರೆ ಅವಧಿ ಮೀರಿದೆ ಎಂಬ ತಕರಾರು ಬಂದೇ ಬರುತ್ತದೆ. ಸಾಕಷ್ಟು ಕಾರಣ ಇದ್ದರೆ ತಡ ಮನ್ನಿಸುವ ಅಧಿಕಾರ ಇಂಥ ಕೇಸು ಕೇಳುವ ಪರಿಹಾರ ಆಯುಕ್ತರಿಗೆ ಇತ್ತು. ಸರಕಾರಿ ಡಾಕ್ಟರೇ ಟಿಬಿ ಎಂದು ಹೇಳಿ ಗುಳಿಗೆ ನುಂಗಿಸಿದಾಗ, ಸಾಲಿ ಕಲಿಯದ ಮನುಷ್ಯ ಗಿರಣಿಯ ಧೂಳಿನ ಮೇಲೆ ಹೇಗೆ ಕೇಸು ಹಾಕಬೇಕಿತ್ತು? ಈ ಒಂದು ಪ್ರಶ್ನೆಗೆ ಎದುರಿನವರಿಂದ ಕೊನೆಯವರೆಗೂ ಉತ್ತರ ಬರಲಿಲ್ಲ.

ಇನ್ನು ಡಾಕ್ಟರ ವಿಷಯ. ಖಾಸಗಿ ಸ್ಕ್ಯಾನ್ ಸೆಂಟರಿನಲ್ಲಿ ಎಚ್‌ಆರ್‌ಸಿಟಿ (ಎದೆಯ ಸೂಕ್ಷ್ಮ ಸಿಟಿ ಸ್ಕ್ಯಾನ್) ಮಾಡಿಸಿದಾಗ ಮೊದಲ ವರದಿ "ಹಳೆಯ ಕ್ಷಯದ ಗುರುತು" ಎಂದೇ ಬಂತು. ಕಾಕಾ ಏನು ಕೆಲಸ ಮಾಡುತ್ತಿದ್ದರು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ನಾನು ಒಂದು ಹಾಳೆಯಲ್ಲಿ ಕೆಲಸದ ಚರಿತ್ರೆ ಬರೆದೆ: ಯಾವ ವರ್ಷದಿಂದ ಯಾವ ವರ್ಷ, ಯಾವ ವಸ್ತು, ದಿನಕ್ಕೆ ಎಷ್ಟು ತಾಸು, ಮುಚ್ಚಿದ ಜಾಗವೋ ಬಯಲೋ. ಅದನ್ನು ಎದೆರೋಗ ತಜ್ಞರ ಕೈಗೆ ಕೊಟ್ಟು, ಕೇಸ್ ಶೀಟಿನಲ್ಲೇ ಬರೆಯಿಸಿದೆ. ಅವರು ಅದೇ ಫಿಲ್ಮನ್ನು ಮತ್ತೆ ನೋಡಿದರು. ಟಿಬಿ ಸಾಮಾನ್ಯವಾಗಿ ಪುಪ್ಪುಸದ ಮೇಲ್ಭಾಗ ಹಿಡಿಯುತ್ತದೆ, ಇಲ್ಲಿ ಎರಡೂ ಕಡೆ ಕೆಳಭಾಗ ನಾರುಗಟ್ಟಿತ್ತು, ಪ್ಲೂರಾದ ಪ್ಲ್ಯಾಕ್, ಅಂದರೆ ಗಟ್ಟಿ ತೇಪೆ, ಎರಡೂ ಬದಿಗೆ. ಊದುವ ಪರೀಕ್ಷೆಯಲ್ಲಿ ಉಸಿರಿನ ಪ್ರಮಾಣ ಇರಬೇಕಾದ್ದರ ಅರ್ಧದಷ್ಟು. ಆಸ್ಬೆಸ್ಟೋಸಿಸ್, ಅಂದರೆ ಆಸ್ಬೆಸ್ಟಾಸ್ ಧೂಳಿನಿಂದ ಪುಪ್ಪುಸ ನಾರುಗಟ್ಟುವ ರೋಗ, ಎಂದು ಬರೆದುಕೊಟ್ಟರು. ಆಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ 89ನೇ ಕಲಂ ಪ್ರಕಾರ ಇಂಥ ರೋಗ ಕಂಡ ಡಾಕ್ಟರು ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ವರದಿ ಕಳಿಸಲೇಬೇಕಿತ್ತು, ರೋಗಿ ಈಗ ಕೆಲಸದಲ್ಲಿ ಇಲ್ಲದಿದ್ದರೂ. ನಮ್ಮ ಕಡೆ ಎಷ್ಟೋ ಡಾಕ್ಟರಿಗೆ ಇದು ಗೊತ್ತೇ ಇಲ್ಲ. ಕಲಮಿನ ಜೆರಾಕ್ಸ್ ಕೈಗಿಟ್ಟೆ, ರಜಿಸ್ಟರ್ ಪೋಸ್ಟಿನಲ್ಲಿ ವರದಿ ಹೋಯಿತು. ಹಾವೇರಿಯಲ್ಲಿ ಆದಂತೆ ನಾಳೆ ಡಾಕ್ಟರಿಗೆ ವರ್ಗವಾದರೂ ರೋಗದ ಹೆಸರು ಇಲಾಖೆಯ ಕಡತದಲ್ಲಿ ಉಳಿಯುತ್ತದೆ.

ಗಿರಣಿಯವರು "ನಮ್ಮ ಆಳಲ್ಲ" ಎಂದರು. ಅದಕ್ಕೆ ಪರಿಹಾರ ಕಾಯ್ದೆಯ 12ನೇ ಕಲಂ ಇತ್ತು, ಕಾಂಟ್ರಾಕ್ಟರ್ ಆಳಿಗೂ ಮೂಲ ಮಾಲೀಕನೇ ಹೊಣೆ. ಆದರೆ ಕಾಕಾ ಆ ಗೇಟಿನ ಒಳಗೆ ಕೆಲಸ ಮಾಡಿದ್ದನ್ನು ತೋರಿಸಬೇಕಲ್ಲ. ಅದೇ ಚೀಲದಲ್ಲಿ ನಾಲ್ಕೈದು ಹರಿದ ಗೇಟ್ ಪಾಸು ಇದ್ದವು. ಬಾಯ್ಲರಿನ ತಪಾಸಣೆ ವರ್ಷಕ್ಕೊಮ್ಮೆ ನಡೆಯುತ್ತದೆ, ಆ ಹೊತ್ತಿಗೆ ಬೇಕಾದ ಕಡೆ ಲ್ಯಾಗಿಂಗ್ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆ ಒಂದೇ ಆದ್ದರಿಂದ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಸಾಕಾಯಿತು. ಬಂದ ತಪಾಸಣೆಯ ತಾರೀಖುಗಳೂ ಗೇಟ್ ಪಾಸಿನ ತಾರೀಖುಗಳೂ ಆಸುಪಾಸಿನಲ್ಲೇ ಕೂಡಿದವು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಈ ಭಾಗದಲ್ಲಿ ನನಗಿಂತ ಮೊದಲು ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ. ಜೊತೆಗೆ ಕೆಲಸ ಮಾಡಿದ ಇಬ್ಬರು ಸಾಕ್ಷಿ ಹೇಳಿದರು. ಸಾಕ್ಷಿದಾರರನ್ನು ಮಾತಾಡಿಸುವಾಗ ಆಸ್ಬೆಸ್ಟಾಸ್ ಇತ್ತೇ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಹಗ್ಗ, ಪುಡಿ, ಗ್ಲ್ಯಾಂಡ್ ಪ್ಯಾಕಿಂಗ್ (ಪಂಪು, ವಾಲ್ವಿನ ಸಂದಿಗೆ ತುಂಬುವ ಹಗ್ಗ), ಸಿಎಎಫ್ ಶೀಟು (ಒತ್ತಿದ ಆಸ್ಬೆಸ್ಟಾಸ್ ನಾರಿನ ಹಾಳೆ) ಎಂದು ಒಂದೊಂದನ್ನೇ ಕೇಳಬೇಕು.

1995ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು, ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್ ಕೇಸು, ನಿಮಗೆಲ್ಲ ಗೊತ್ತಿದೆ. ಅದನ್ನು ಬರೀ ಸಂವಿಧಾನದ 21ನೇ ವಿಧಿಯ (ಬದುಕುವ ಹಕ್ಕು) ಮಾತಿಗೆ ಉಲ್ಲೇಖಿಸುವವರೇ ಹೆಚ್ಚು. ನನಗೆ ಬೇಕಾದದ್ದು ಅದರ ಒಂದು ನಿರ್ದೇಶನ: ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ಕಾಕಾ ಅವರ ದಾಖಲೆ ಹಾಜರುಪಡಿಸಿ ಎಂದು ಅರ್ಜಿ ಹಾಕಿದೆ. ತರಲಿಲ್ಲ. ಸಾಕ್ಷ್ಯ ಕಾಯ್ದೆಯ 114ನೇ ಕಲಂ ಹಿಡಿದು, ಇರಬೇಕಾದ ದಾಖಲೆ ತರದಿದ್ದರೆ ಅದು ಅವರಿಗೇ ವಿರುದ್ಧ ಎಂದು ವಾದಿಸಿದೆ. ಆದೇಶದಲ್ಲಿ ಅದು ಬಂತು. ಅದೇ ತೀರ್ಪಿನಲ್ಲಿ ಹೇಳಿದ ಒಂದು ಲಕ್ಷ ರೂಪಾಯಿ ಪರಿಹಾರವನ್ನೂ ಕೇಳಿದ್ದೆ, ಅದು ಸಿಗಲಿಲ್ಲ.

ನಡುವೆ ಕೋರ್ಟಿನ ವರಾಂಡದಲ್ಲಿ ಐವತ್ತು ಸಾವಿರದ ಮಾತು ಬಂತು. ಕಾಕಾ ಅವರ ಮಗ ಅಲುಗಾಡಿದ, ಮನೆಯಲ್ಲಿ ಮದುವೆ ಇತ್ತು. "ಅಣ್ಣಾರ, ಇಷ್ಟರ ಬರಲಿ ಬಿಡ್ರಿ" ಎಂದ. ಹಕ್ಕು ಬಿಟ್ಟುಕೊಡುವ ಕರಾರು ಪರಿಹಾರ ಕಾಯ್ದೆಯ 17ನೇ ಕಲಂ ಕೆಳಗೆ ನಿಲ್ಲುವುದಿಲ್ಲ ಎಂದು ಅವನಿಗೂ, ಮಾತು ತಂದವರಿಗೂ ತಿಳಿಸಿದೆ. ಮದುವೆಗೆ ಸಂಘದವರು ಕೈಗಡ ಕೊಟ್ಟರು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಲೆಕ್ಕಕ್ಕೆ ಹಿಡಿಯುವ ಪಗಾರದ ಆಗಿನ ಮಿತಿ ತಿಂಗಳಿಗೆ 8,000 ರೂಪಾಯಿ, ನಾನು ಅಷ್ಟೂ ಕೇಳಿದ್ದೆ. ಪಗಾರದ ಚೀಟಿ ಇಲ್ಲದ್ದಕ್ಕೆ ಸುಮಾರು 6,000 ಹಿಡಿದರು. ಅದರ 60 ಪರ್ಸೆಂಟು 3,600. 50 ವಯಸ್ಸಿಗೆ ಗುಣಕ 153.09. ದುಡಿಯುವ ಶಕ್ತಿ ಹೋದದ್ದು ನೂರಕ್ಕೆ ನೂರು ಎಂದು ವಾದಿಸಿದ್ದೆ, 60 ಎಂದು ಒಪ್ಪಿದರು. ಅಸಲು ಮೂರು ಲಕ್ಷ ಮೂವತ್ತು ಸಾವಿರದ ಆಸುಪಾಸು. ಅಪಘಾತದ ದಿನ 2011 ಎಂದು ನಿಂತದ್ದರಿಂದ ವರ್ಷಕ್ಕೆ 12 ಪರ್ಸೆಂಟು ಬಡ್ಡಿ ಅಲ್ಲಿಂದಲೇ ಓಡಿತು, ಬಡ್ಡಿಯೇ ಅಸಲನ್ನು ದಾಟಿತು. ಎಲ್ಲ ಸೇರಿ ಏಳು ಲಕ್ಷದ ಹತ್ತಿರ. ದಂಡ ಬರಲಿಲ್ಲ. ತೊಡಕು ಎಂದಿದ್ದ ಕಾರ್ಡೇ ಬಡ್ಡಿಯನ್ನೂ ದುಡಿದುಕೊಟ್ಟಿತು! ಗಿರಣಿಯವರು ಮೇಲ್ಮನವಿಗೆ ಹೋದಾಗ ಪರಿಹಾರ ಕಾಯ್ದೆಯ 30ನೇ ಕಲಂ ಪ್ರಕಾರ ಆದೇಶದ ಮೊತ್ತವನ್ನು ಮೊದಲು ಠೇವಣಿ ಇಡಬೇಕಾಯಿತು, ಅದರಿಂದ ವಸೂಲಿಗೆ ಅಲೆಯುವುದು ತಪ್ಪಿತು.

ಖರ್ಚು ಮೂವತ್ತು ಸಾವಿರದ ಮೇಲೆ ಆಗಿದೆ. ಸ್ಕ್ಯಾನಿಗೆ ಐದು ಸಾವಿರದಷ್ಟು, ಡಾಕ್ಟರ ಸಾಕ್ಷಿ ಭತ್ತೆ, ಉಳಿದದ್ದು ಓಡಾಟ ಮತ್ತು ಜೆರಾಕ್ಸ್. ಗೆದ್ದದ್ದರಲ್ಲಿ ಇಷ್ಟು ಪರ್ಸೆಂಟು ಎಂದು ಫೀ ಕಟ್ಟುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ, ನಮ್ಮಲ್ಲಿ ಅದು ನಡೆದೇ ಇದೆ. ಪುಪ್ಪುಸ ಕಳೆದುಕೊಂಡವನ ದುಡ್ಡಿನಲ್ಲಿ ಕಾಲುಭಾಗ ಕೇಳುವವರ ಜೊತೆ ನಾನು ಕೆಲಸ ಮಾಡುವುದಿಲ್ಲ. ಕೈಗಾರಿಕಾ ಕಾರ್ಮಿಕನಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಕೆಳಗೆ ಉಚಿತ ವಕೀಲರು ಸಿಗುತ್ತಾರೆ, ಫೀ ಕೊಡಲಾಗದವರನ್ನು ಜಿಲ್ಲಾ ಪ್ರಾಧಿಕಾರಕ್ಕೆ ಕಳಿಸಿ ಕಾಗದಪತ್ರದ ಕೆಲಸ ನೀವು ಮಾಡಿಕೊಡಿ.

ಡಾಕ್ಟರ ಹತ್ತಿರ ಕಳಿಸುವ ಮೊದಲು ಯಾರನ್ನು ಕಳಿಸಬೇಕು ಎಂದು ನೋಡಲು ಒಂದು ಪ್ರಯೋಗ ಮಾಡುತ್ತಿದ್ದೇನೆ. ಪೂರಾ ಉಸಿರು ಎಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳುವುದು. ಗಟ್ಟಿ ಮನುಷ್ಯ ಮೂವತ್ತು, ನಲವತ್ತು ದಾಟುತ್ತಾನೆ. ಕಾಕಾ ಹನ್ನೆರಡರ ಹತ್ತಿರ ನಿಂತಿದ್ದರು. ಆಮೇಲೆ ಗುಡಿಯ ಅಂಗಳದಲ್ಲಿ ಆರು ನಿಮಿಷ ನಡೆಸಿ ಬೆರಳಿಗೆ ಆಕ್ಸಿಮೀಟರ್ ಹಾಕುತ್ತೇನೆ. ಬೆಟಗೇರಿಯಲ್ಲಿ ಹತ್ತಿ ಜಿನ್ನಿಂಗ್ ಕೆಲಸದ ಹೆಣ್ಣುಮಕ್ಕಳ ಮೇಲೂ ಇದನ್ನೇ ಮಾಡಿ ನೋಡಿದೆ. ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಯುತ್ತದೆ ಎಂದು ಹಲವರು ಹೇಳಿದರು, ಅದು ಹತ್ತಿ ಧೂಳಿನ ಬಿಸಿನೋಸಿಸ್ ಲಕ್ಷಣ, ಆ ರೋಗವೂ ಆಸ್ಬೆಸ್ಟೋಸಿಸ್ ಇರುವ ವೃತ್ತಿರೋಗಗಳ ಪಟ್ಟಿಯಲ್ಲೇ (ಮೂರನೇ ಅನುಸೂಚಿ) ಇದೆ. ಅದರಲ್ಲಿ ಇನ್ನೂ ಕೇಸು ಹಾಕಿಲ್ಲ, ಹೆಣ್ಣುಮಕ್ಕಳು ಕೆಲಸ ಹೋಗುವ ಅಂಜಿಕೆಯಲ್ಲಿದ್ದಾರೆ.

ಕಂಪನಿ ಕಡೆಯ ಡಾಕ್ಟರನ್ನು ಪಾಟೀಸವಾಲಿನಲ್ಲಿ ಯಾವ ಪ್ರಶ್ನೆಯಿಂದ ಶುರು ಮಾಡಿದೆ ಎನ್ನುವುದನ್ನು ಬರೆಯುವುದಿಲ್ಲ. ಎದುರಿನವರೂ ಓದುತ್ತಾರೆ, ಇನ್ನೂ ಕೇಸು ನಡೆದಿವೆ. ನನ್ನ ಆಫೀಸಿಗೆ ಬಂದವರಿಗೆ ಹೇಳುತ್ತೇನೆ.

ನನಗೆ ದಾರಿ ಸಿಗದೆ ಉಳಿದದ್ದು ಕಾಕಾ ಅವರ ಹೆಂಡತಿಯ ವಿಷಯ. ಇಪ್ಪತ್ತು ವರ್ಷ ಆ ಧೂಳಿನ ಬಟ್ಟೆ ಝಾಡಿಸಿ ಒಗೆದವರು ಅವರೇ. ಗಂಡನ ಬಟ್ಟೆಯ ನಾರಿನಿಂದ ಹೆಂಡತಿಗೆ ಮೆಸೊಥೆಲಿಯೋಮಾ (ಪ್ಲೂರಾದಂಥ ಪೊರೆಯ ಕ್ಯಾನ್ಸರ್) ಬಂದದ್ದು ಜಗತ್ತಿನಲ್ಲಿ ಎಷ್ಟೋ ಕಡೆ ದಾಖಲಾಗಿದೆ. ಅವರಿಗೂ ಈಗ ದಮ್ಮು ಶುರುವಾಗಿದೆ. ನೌಕರಳಲ್ಲದ ಅವರಿಗೆ ಈ ಕಾಯ್ದೆಯಲ್ಲಿ ಜಾಗವಿಲ್ಲ. ಸಿವಿಲ್ ದಾವೆ ಹಾಕುವ ಬಗ್ಗೆ ಕಾಗದ ಕೂಡಿಸುತ್ತಿದ್ದೇನೆ, ಸ್ಕ್ಯಾನ್ ಮಾಡಿಸಿದ್ದೇನೆ.

2025ರ ನವೆಂಬರ್ 21ರಿಂದ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿ ಕಲಮುಗಳ ನಂಬರು ಬದಲಾಗಿವೆ. ವೃತ್ತಿರೋಗಗಳ ಪಟ್ಟಿ ಅದರಲ್ಲೂ ಮೂರನೇ ಅನುಸೂಚಿಯಲ್ಲೇ ಇದೆ. ಹೊಸ ಅರ್ಜಿ ಬರೆಯುವವರು ಹಳೆಯ ನಂಬರು ಹಾಕಿ ತಿರುಗಿ ಬರಬೇಡಿ. ಟಿಬಿ ಕಾರ್ಡು ಕಳೆದುಹೋಗಿದ್ದರೆ ದವಾಖಾನೆಯ ರಜಿಸ್ಟರಿನ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಬೇಗ ಅರ್ಜಿ ಹಾಕಿ, ಹಳೆಯ ರಜಿಸ್ಟರು ಬಹಳ ವರ್ಷ ಉಳಿಯುವುದಿಲ್ಲ. ಅರ್ಜಿ ರೋಗಿಯ ಹೆಸರಿನಲ್ಲೇ ಇರಲಿ, ಆತನದೇ ಸಹಿ ಇರಲಿ. ವಕೀಲರ ಹೆಸರಿನಲ್ಲಿ ಹಾಕಿದರೆ ವೈಯಕ್ತಿಕ ಮಾಹಿತಿ ಎಂದು ತಿರಸ್ಕರಿಸುತ್ತಾರೆ.