ಪೆಂಟಿಯಂ 4ಕ್ಕೆ ಎಸ್‌ಎಸ್‌ಡಿ: ಆಗಲ್ಲ ಅಂದವರು ಓದಲಿ

ಒಂದು ಹಳೇ ಕಂಪ್ಯೂಟರು: 845 ಚಿಪ್‌ಸೆಟ್ಟಿನ ಬೋರ್ಡು, ಪೆಂಟಿಯಂ 4, ಒಂದು ಜಿಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ. ಈಗಿನ ಡಿಸ್ಕು ಜೋಡಿಸುವ ಸಾಟಾ ಪೋರ್ಟೇ ಇಲ್ಲ. ಇದಕ್ಕೆ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಫ್ಲ್ಯಾಷ್ ಚಿಪ್ಪಿನ ಡಿಸ್ಕು) ಹಾಕಿ ಓಡಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಹುಬ್ಬಳ್ಳಿಯಲ್ಲಿ ನನಗೆ ಸಾಮಾನು ಕೊಡುವವರು, "ಯಾಕ್ರೀ ಸರ, ಸೆಕೆಂಡ್‌ಹ್ಯಾಂಡ್ ಐ3 ಒಯ್ರಿ, ನಾಕೈದು ಸಾವಿರದಾಗ ಮುಗೀತದ" ಅಂದರು. ಶಿರಸಿಯಲ್ಲೇ ನನ್ನ ಜೊತೆ ಕೆಲಸ ಕಲಿತವನೊಬ್ಬ, "ಆ ಡಬ್ಬಾಕ್ಕೆ ಸುಮ್ನೆ ದುಡ್ಡು ಸುರೀಬೇಡ" ಅಂದ. ಆ ಡಬ್ಬಾ ಈಗ ಮಳೆಗಾಲಗಳನ್ನು ದಾಟಿ ದಿನವೂ ಓಡುತ್ತಿದೆ. ಮೊನ್ನೆ ಅವನೇ ಫೋನ್ ಮಾಡಿ, ತನ್ನ ಗಿರಾಕಿಯೊಬ್ಬರದ್ದೂ ಅಂಥದ್ದೇ ಮಷಿನ್ ಇದೆ, ಹೆಂಗೆ ಮಾಡಿದ್ದು ಹೇಳು ಅಂದ. ಫೋನಿನಲ್ಲಿ ಹೇಳಿ ಮುಗಿಯುವ ಕಥೆಯಲ್ಲ ಇದು.

ಐ3 ಅಂದರೆ ಪೆಂಟಿಯಂಗಿಂತ ಹೊಸ ಪ್ರೊಸೆಸರಿನ ಮಷಿನ್. ಅದು ಯಾಕೆ ಬೇಡ ಅಂತ ಮೊದಲು ಹೇಳಿಬಿಡುತ್ತೇನೆ. ಮಷಿನ್ ಇರುವುದು ಒಂದು ಸಣ್ಣ ಪ್ರೆಸ್ಸಿನಲ್ಲಿ. ಲಗ್ನಪತ್ರಿಕೆ, ಬಿಲ್ ಬುಕ್, ಸೊಸೈಟಿಗಳ ವಾರ್ಷಿಕ ವರದಿ, ಯಕ್ಷಗಾನದ ಹ್ಯಾಂಡ್‌ಬಿಲ್. ಎಲ್ಲವೂ ಪುಟ ಜೋಡಿಸುವ ಪೇಜ್‌ಮೇಕರ್ 7, ನುಡಿ, ಹಳೇ ಫಾಂಟು. ಇಪ್ಪತ್ತು ವರ್ಷದ ಫೈಲುಗಳಿವೆ. ಹೋದ ವರ್ಷದ ವರದಿ ತೆಗೆದು ಅಂಕಿ ಬದಲಿಸಿದರೆ ಈ ವರ್ಷದ್ದು ರೆಡಿ. ಹೊಸ ವಿಂಡೋಸ್ ಹಾಕಿ ನೋಡಿದ್ದೆ. ಪೇಜ್‌ಮೇಕರ್ ಹೇಗೋ ತೆರೆಯಿತು. ಆದರೆ ಸಾಲುಗಳು ಜಾರಿ ಮುಂದಿನ ಪುಟಕ್ಕೆ ಹೋದವು, ಕೆಲವು ಒತ್ತಕ್ಷರ ಚೌಕವಾದವು. ಪ್ಯಾರಲಲ್ ಪೋರ್ಟಿನ ಲೇಸರ್ ಪ್ರಿಂಟರಿಗೆ ಡ್ರೈವರೂ ಸಿಗಲಿಲ್ಲ. ಯಜಮಾನರು ಒಂದೇ ಮಾತು ಹೇಳಿದರು: "ತಮಾ, ಫೈಲು ತೆಗೆದ್ರೆ ಅಕ್ಷರ ಅಲ್ಲಾಡ್ಲಾಗ. ಬಾಕಿದು ಎಂತೂ ಬ್ಯಾಡ." ಪೇಜ್‌ಮೇಕರ್ 7 ಮತ್ತು ಎಕ್ಸ್‌ಪಿ ಎರಡೂ 2001ರಲ್ಲಿ ಬಂದವು. ಒಂದನ್ನು ಬಿಟ್ಟು ಇನ್ನೊಂದು ಸರಿಯಾಗಿ ಬಾಳುವುದಿಲ್ಲ, ಬಿಡಿ. ಎಕ್ಸ್‌ಪಿಗೆ 2014ರಲ್ಲೇ ಸಪೋರ್ಟ್ ನಿಂತಿದೆ ಅಂತ ಹೆದರಿಸಬೇಡಿ. ಆ ಮಷಿನ್ನಿಗೆ ಇಂಟರ್ನೆಟ್ಟೇ ಇಲ್ಲ.

ನಿಧಾನ ಎಲ್ಲಿ ಅಂದರೆ ಡಿಸ್ಕಿನಲ್ಲಿ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಹತ್ತು ಪರ್ಸೆಂಟ್ ಮೇಲೆ ಹೋಗುತ್ತಿರಲಿಲ್ಲ, ಕೆಂಪು ಲೈಟು ಮಾತ್ರ ಆರುತ್ತಲೇ ಇರಲಿಲ್ಲ. ಸಾಟಾಗಿಂತ ಮೊದಲಿನ ಐಡಿಇ ಕೇಬಲ್ಲಿನ, 40 ಜಿಬಿಯ ಡಿಸ್ಕು. ಬೂಟ್ ಆಗಲು ನಾಲ್ಕು ನಿಮಿಷದ ಹತ್ತಿರ. ಫಾಂಟ್ ಜಾಸ್ತಿ ಇದ್ದದ್ದರಿಂದ ಪೇಜ್‌ಮೇಕರ್ ತೆರೆಯಲು ಇನ್ನೊಂದು ನಿಮಿಷ. 4ಕೆ ರ‍್ಯಾಂಡಮ್ ರೀಡ್, ಅಂದರೆ ಅಲ್ಲಲ್ಲಿ ಚದುರಿದ ಸಣ್ಣ ತುಂಡುಗಳನ್ನು ಓದುವ ವೇಗ, ಸೆಕೆಂಡಿಗೆ ಅರ್ಧ ಎಂಬಿಗಿಂತ ಕಡಿಮೆ ತೋರಿಸುತ್ತಿತ್ತು.

ಮೊದಲ ಪ್ರಯೋಗ ಪೆನ್‌ಡ್ರೈವ್. ಪದೇ ಪದೇ ಬೇಕಾದದ್ದನ್ನು ಪೆನ್‌ಡ್ರೈವಿನಲ್ಲಿ ಇಟ್ಟು ಅಲ್ಲಿಂದಲೇ ಓದಿಸುವ ರೆಡಿಬೂಸ್ಟ್ ಬಂದದ್ದು ನಂತರದ ವಿಂಡೋಸ್ ವಿಸ್ತಾದಲ್ಲಿ, ಎಕ್ಸ್‌ಪಿಗೆ ಅದು ಇಲ್ಲ. ಇಬೂಸ್ಟರ್ ಅಂತ ಒಂದು ಸಾಫ್ಟ್‌ವೇರ್ ಅದೇ ಕೆಲಸ ಎಕ್ಸ್‌ಪಿಯಲ್ಲಿ ಮಾಡುತ್ತದೆ. ಹಾಕಿದೆ. ಪೇಜ್‌ಮೇಕರ್ ಎರಡನೇ ಸಲ ತೆರೆಯುವಾಗ ಸ್ವಲ್ಪ ಚುರುಕು, ಅಷ್ಟೇ. ಬೂಟ್ ಸಮಯ ಹಾಗೇ. ಸೇವ್ ಕೊಟ್ಟರೆ ಬರೆಯಬೇಕಾದದ್ದು ಮತ್ತೆ ಅದೇ ಮುದಿ ಡಿಸ್ಕಿಗೆ ತಾನೇ? ಓದುವುದಕ್ಕೆ ಮಾತ್ರ ಸಹಾಯ ಮಾಡುವ ಕ್ಯಾಶ್‌ನಿಂದ ಪ್ರೆಸ್ಸಿನ ಕೆಲಸ ಓಡುವುದಿಲ್ಲ.

ಇಲ್ಲಿ ಒಂದು ಅಡ್ಡ ಕಥೆ. ಕುಮಟೆಯ ಒಂದು ಲ್ಯಾಪ್‌ಟಾಪು, ವಿಂಡೋಸ್ 7, 2 ಜಿಬಿ ರ‍್ಯಾಮ್. ಅದರಲ್ಲಿ ಪೆನ್‌ಡ್ರೈವ್ ರೆಡಿಬೂಸ್ಟ್ ನಿಜವಾಗಿ ಉಪಯೋಗಕ್ಕೆ ಬಂತು. ರ‍್ಯಾಮ್ ಕಡಿಮೆ ಇದ್ದು, ಡಿಸ್ಕ್ 5400 ಆರ್‌ಪಿಎಂ ಇದ್ದರೆ ಮಾತ್ರ ಅದಕ್ಕೆ ಅರ್ಥ. ಪೆನ್‌ಡ್ರೈವಿನ ಸೀಕ್ವೆನ್ಶಿಯಲ್ (ಒಂದೇ ಸಾಲಿನಲ್ಲಿ ಓದುವ) ವೇಗ ನೋಡಿ ಮೋಸ ಹೋಗಬೇಡಿ, ಅದರಲ್ಲಿ ಹಾರ್ಡ್‌ಡಿಸ್ಕೇ ಮುಂದೆ. ಸಣ್ಣ ಸಣ್ಣ ತುಂಡು ಓದುವಾಗ ಮಾತ್ರ ಫ್ಲ್ಯಾಷ್ ಗೆಲ್ಲುತ್ತದೆ. ವಿಂಡೋಸ್ 7 ಎಂಟು ಡ್ರೈವ್‌ವರೆಗೆ ಒಪ್ಪುತ್ತದೆ ಅಂತ ಇದ್ದಬದ್ದ ಪೆನ್‌ಡ್ರೈವ್ ಎಲ್ಲ ಒಂದು ಯುಎಸ್‌ಬಿ ಹಬ್ಬಿಗೆ ಚುಚ್ಚಿ ನೋಡಿದೆ. ಒಂದಕ್ಕಿಂತ ನಿಧಾನ ಆಯಿತು. ಹಬ್ಬಿನ ಯುಎಸ್‌ಬಿ 2 ಒಂದೇ ದಾರಿ, ಅದರಲ್ಲಿ ಎಲ್ಲರೂ ನುಗ್ಗಬೇಕು. ಒಂದು ಪೆನ್‌ಡ್ರೈವಂತೂ 32 ಜಿಬಿ ಅಂತ ಹೇಳಿಕೊಂಡು ಒಳಗೆ 4 ಜಿಬಿ ಇಟ್ಟುಕೊಂಡಿತ್ತು. ನಿಜವಾದ ಗಾತ್ರ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸದೆ ಯಾವ ಫ್ಲ್ಯಾಷನ್ನೂ ಈಗ ನಾನು ಕೆಲಸಕ್ಕೆ ಹಾಕುವುದಿಲ್ಲ.

ಎರಡನೇ ಪ್ರಯೋಗ ಸಿಎಫ್ ಕಾರ್ಡ್. ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡು ಐಡಿಇಯ ಭಾಷೆಯನ್ನೇ ಆಡುತ್ತದೆ, ನಡುವೆ ಒಂದು ಸಾದಾ ಅಡಾಪ್ಟರ್ ಸಾಕು, ಚಿಪ್ ಕೂಡ ಬೇಡ. ಒಬ್ಬ ಫೋಟೋಗ್ರಾಫರ್ ಹತ್ತಿರ ಬಿದ್ದಿದ್ದ 133ಎಕ್ಸ್ ಕಾರ್ಡ್ ತಗೊಂಡೆ. ಅಡಾಪ್ಟರ್ ಸೇರಿ ಸಾವಿರದ ಎಂಟುನೂರು ಹೋಯಿತು. ಬೂಟ್ ಆಯಿತು, ಸದ್ದೇ ಇಲ್ಲ, ನನಗೆ ಖುಷಿಯೋ ಖುಷಿ. ಆದರೆ ಎಕ್ಸ್‌ಪಿ ಅದನ್ನು ರಿಮೂವೆಬಲ್ ಅಂತ ತಿಳಿದು ಪೇಜ್‌ಫೈಲ್ (ಮೆಮೊರಿ ಸಾಲದಾಗ ಬಳಸುವ ಫೈಲು) ಇಡಲು ಒಪ್ಪಲಿಲ್ಲ. ಹಿಟಾಚಿ ಮೈಕ್ರೋಡ್ರೈವಿನ ಫಿಲ್ಟರ್ ಡ್ರೈವರ್ ತಿದ್ದಿ ಹಾಕಿ ಅದನ್ನೂ ಒಪ್ಪಿಸಿದೆ. ಆಮೇಲೆ ನಿಜವಾದ ತೊಂದರೆ ಶುರುವಾಯಿತು. ಟೈಪ್ ಮಾಡುತ್ತಾ ಇದ್ದರೆ ನಡುವೆ ಎರಡು ಮೂರು ಸೆಕೆಂಡ್ ಇಡೀ ಸ್ಕ್ರೀನ್ ಕಲ್ಲಾಗುತ್ತಿತ್ತು. ಫೋಟೋದಂಥ ದೊಡ್ಡ ಫೈಲ್ ಬರೆಯಲು ಮಾಡಿದ ಕಾರ್ಡ್ ಅದು. ವಿಂಡೋಸಿನ ಚಿಲ್ಲರೆ ಬರಹ ಅದಕ್ಕೆ ಆಗಿಬರುವುದಿಲ್ಲ. ಫೈಲು ಕೊನೆಗೆ ತೆರೆದ ಹೊತ್ತು ಬರೆದಿಡುವ ಲಾಸ್ಟ್ ಆ್ಯಕ್ಸೆಸ್ ಬಂದ್ ಮಾಡಿದೆ, ಇಂಡೆಕ್ಸಿಂಗ್ ಬಂದ್ ಮಾಡಿದೆ, ಸ್ವಲ್ಪ ಸುಧಾರಿಸಿತು. ಆದರೆ ಲಗ್ನದ ಸೀಸನ್ನಿನಲ್ಲಿ ಡಿಟಿಪಿ ಮಾಡುವ ಹುಡುಗಿ ಅದನ್ನು ಸಹಿಸುವವಳಲ್ಲ. "ಅಣ್ಣಾ, ಹಳೇದೇ ಹಾಕಿಕೊಡಿ" ಅಂದಳು. ಆ ಸಾವಿರದ ಎಂಟುನೂರು ನನ್ನ ಖಾತೆಗೇ.

ಆಮೇಲೆ ಬಂದದ್ದು ಈಗಿನ ದಾರಿ. ಮಾಮೂಲಿ 120 ಜಿಬಿ ಸಾಟಾ ಎಸ್‌ಎಸ್‌ಡಿ, ನಡುವೆ ಐಡಿಇ-ಸಾಟಾ ಬ್ರಿಜ್, ಅಂದರೆ ಎರಡನ್ನೂ ಬೆಸೆಯುವ ಸಣ್ಣ ಬೋರ್ಡು. 120 ಯಾಕೆ ಅಂದರೆ ಹಳೇ ಬಯಾಸ್ (ಮಷಿನ್ ಎಬ್ಬಿಸುವ, ಬೋರ್ಡಿನೊಳಗಿನ ಸಾಫ್ಟ್‌ವೇರ್), ಹಳೇ ಎಕ್ಸ್‌ಪಿ ಸಿಡಿ ಎರಡಕ್ಕೂ 137 ಜಿಬಿಯ ಗೋಡೆ ಇದೆ. ಅದರೊಳಗೆ ಇದ್ದರೆ ತಲೆನೋವಿಲ್ಲ. ಎಸ್‌ಎಸ್‌ಡಿ ಆಗ ಸಾವಿರದ ಇನ್ನೂರಕ್ಕೆ ಸಿಕ್ಕಿತ್ತು, ಬ್ರಿಜ್ ಮುನ್ನೂರರ ಆಸುಪಾಸು. ಬಸ್ಸಿಗೆ ಪಾರ್ಸೆಲ್ ಹಾಕಿಸಿ ತರಿಸಿದೆ.

ಹಳೇ ಡಿಸ್ಕನ್ನು ಹಾಗೇ ಕ್ಲೋನ್ ಮಾಡಿದರೆ ಓಡುತ್ತದೆ, ಆದರೆ ಪೂರ್ತಿ ವೇಗ ಬರುವುದಿಲ್ಲ. ಎಕ್ಸ್‌ಪಿ ಪಾರ್ಟಿಷನ್ ಶುರುವಾಗುವುದು 63ನೇ ಸೆಕ್ಟರಿನಿಂದ (ಸೆಕ್ಟರ್ ಅಂದರೆ ಡಿಸ್ಕಿನ ಸಣ್ಣ ತುಂಡು). ಎಸ್‌ಎಸ್‌ಡಿಯ 4 ಕೆಬಿ ತುಂಡುಗಳ ಲೆಕ್ಕಕ್ಕೆ ಅದು ಕೂರುವುದಿಲ್ಲ. ಒಂದು ಚೀಲ ಅಡಿಕೆಯನ್ನು ಎರಡು ಗಾಡಿಗೆ ಅರ್ಧರ್ಧ ಹೇರಿದ ಹಾಗೆ, ಪ್ರತಿ ಬರಹಕ್ಕೂ ಎರಡು ಕಡೆ ಕೈ ಹಾಕಬೇಕು. ಹಾಗಾಗಿ ಎಸ್‌ಎಸ್‌ಡಿಯನ್ನು ಮೊದಲು ವಿಂಡೋಸ್ 7 ಮಷಿನ್ನಿಗೆ ಹಾಕಿ ಡಿಸ್ಕ್‌ಪಾರ್ಟ್‌ನಲ್ಲಿ 2048ರಿಂದ ಪಾರ್ಟಿಷನ್ ಮಾಡಿದೆ. ಆಮೇಲೆ ಅದರೊಳಗೆ ಹಳೇ ಡಿಸ್ಕಿನ ಇಮೇಜ್ (ಪೂರ್ತಿ ನಕಲು) ಇಳಿಸಿದೆ. ಬೂಟ್ ಕೊಟ್ಟರೆ "ಎ ಡಿಸ್ಕ್ ರೀಡ್ ಎರರ್ ಅಕರ್ಡ್". ಇದನ್ನು ನೋಡಿ ಎಸ್‌ಎಸ್‌ಡಿ ಹಳೇ ಬೋರ್ಡಿಗೆ ಆಗಿಬರಲ್ಲ ಅಂತ ಬಿಟ್ಟವರು ಎಷ್ಟೋ ಜನ ಇದ್ದಾರೆ. ತಪ್ಪು ಎಸ್‌ಎಸ್‌ಡಿಯದ್ದಲ್ಲ. ಎನ್‌ಟಿಎಫ್‌ಎಸ್ ಬೂಟ್ ಸೆಕ್ಟರಿನಲ್ಲಿ ಪಾರ್ಟಿಷನ್ ಎಲ್ಲಿಂದ ಶುರು ಅಂತ ಹೇಳುವ ಹಿಡನ್ ಸೆಕ್ಟರ್ಸ್ ಅಂತ ಒಂದು ಜಾಗ ಇದೆ, ಅಲ್ಲಿ ಇನ್ನೂ 63 ಅಂತಲೇ ಕೂತಿರುತ್ತದೆ. ಡಿಸ್ಕಿನ ಬೈಟುಗಳನ್ನೇ ತಿದ್ದುವ ಹೆಕ್ಸ್ ಎಡಿಟರಿನಲ್ಲಿ ಅದನ್ನು 2048 ಮಾಡಿದೆ. ಎಕ್ಸ್‌ಪಿಯ ಲೋಗೋ ಬಂತು.

ಎಕ್ಸ್‌ಪಿಗೆ ಟ್ರಿಮ್ (ಅಳಿಸಿದ ಜಾಗ ಖಾಲಿ ಅಂತ ಡ್ರೈವಿಗೆ ತಿಳಿಸುವ ಆಜ್ಞೆ) ಗೊತ್ತಿಲ್ಲ. ಗೊತ್ತಿದ್ದರೂ ಬ್ರಿಜ್ ದಾಟಿ ಹೋಗುವ ನಂಬಿಕೆ ಇಲ್ಲ. ಹಾಗಾಗಿ 80 ಜಿಬಿ ಮಾತ್ರ ಪಾರ್ಟಿಷನ್ ಮಾಡಿ ಉಳಿದದ್ದನ್ನು ಖಾಲಿ ಬಿಟ್ಟೆ. ಆ ಖಾಲಿ ಜಾಗವೇ ಕಂಟ್ರೋಲರಿಗೆ ಉಸಿರಾಡಲು. ಬಳಸಿದ ಎಸ್‌ಎಸ್‌ಡಿ ಆದರೆ ಮೊದಲು ಸೆಕ್ಯೂರ್ ಇರೇಸ್ ಮಾಡಲೇಬೇಕು, ಇಲ್ಲದಿದ್ದರೆ ಖಾಲಿ ಬಿಟ್ಟದ್ದು ಅದಕ್ಕೆ ಖಾಲಿ ಅಂತ ಗೊತ್ತೇ ಆಗುವುದಿಲ್ಲ.

ಮೊದಲ ವಾರ ವಿಮಾನದ ಹಾಗೆ ಇತ್ತು. ಆಮೇಲೆ ಒಂದು ದಿನ ಪ್ರೆಸ್ಸಿನಿಂದ ಫೋನು: ಹಳೇ ಡಿಸ್ಕಿಗಿಂತ ನಿಧಾನ ಆಗಿದೆ. ಹೋಗಿ ನೋಡಿದರೆ ಪ್ರೈಮರಿ ಐಡಿಇ ಚಾನೆಲ್ ಪಿಐಒ ಅನ್ನುವ ನಿಧಾನದ ವಿಧಾನಕ್ಕೆ ಬಿದ್ದಿದೆ. ಎಕ್ಸ್‌ಪಿ ಹಾಗೇ, ಆರು ಸಲ ಸಿಆರ್‌ಸಿ ಎರರ್ (ಸಾಗಣೆಯಲ್ಲಿ ಆದ ತಪ್ಪು) ಕಂಡರೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುತ್ತದೆ, ಮತ್ತೆ ಹತ್ತುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಬೂಟ್ ಮಾಡಿದರೆ ವೇಗದ ಡಿಎಂಎ ವಾಪಸ್ ಬರುತ್ತದೆ. ಬಂತು. ಕೆಲವು ದಿನಕ್ಕೆ ಮತ್ತೆ ಬಿತ್ತು. ಆಗ ಆಷಾಢದ ಮಳೆ, ಶಿರಸಿಯಲ್ಲಿ ಗೋಡೆಯೇ ಬೆವರುವ ಕಾಲ. 80 ತಂತಿಯ ಹಳೇ ಕೇಬಲ್ಲಿನ ಪಿನ್ನುಗಳು ಹಸಿರು ಹಿಡಿದಿದ್ದವು. ಕೇಬಲ್ ಬದಲಿಸಿದೆ, ಬೋರ್ಡಿನ ಕನೆಕ್ಟರ್ ಕ್ಲೀನ್ ಮಾಡಿದೆ, ಹೇಗೂ ಕೈ ಹಾಕಿದ್ದೇನೆ ಅಂತ ರ‍್ಯಾಮಿಗೂ ರಬ್ಬರ್ ಉಜ್ಜಿದೆ. ಅಲ್ಲಿಗೆ ಆ ರೋಗ ಹೋಯಿತು. ಮಳೆಗಾಲದಲ್ಲಿ ಮಷಿನ್ನನ್ನು ದಿನಕ್ಕೆ ಸ್ವಲ್ಪ ಹೊತ್ತಾದರೂ ಆನ್ ಇಡಿ ಅಂತ ನಾನು ಎಲ್ಲ ಗಿರಾಕಿಗಳಿಗೂ ಹೇಳುವುದು. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಗೆ ಇದು ಇನ್ನೂ ಬೇಗ ಆಗುತ್ತದೆ, ಅಲ್ಲಿ ಕೆಲಸ ಮಾಡುವವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಕಾಟ: ಬೆಳಿಗ್ಗೆ ಮೊದಲ ಸಲ ಆನ್ ಮಾಡಿದಾಗ ಬಯಾಸಿಗೆ ಡ್ರೈವೇ ಕಾಣುವುದಿಲ್ಲ, ರೀಸೆಟ್ ಒತ್ತಿದರೆ ಕಾಣುತ್ತದೆ. ಬ್ರಿಜ್ಜು, ಎಸ್‌ಎಸ್‌ಡಿ ಎರಡೂ ಎದ್ದು ಕೂರುವ ಮೊದಲೇ ಬಯಾಸ್ ಹುಡುಕಿ ಮುಗಿಸಿರುತ್ತದೆ. ಇದಕ್ಕೆ ನನ್ನ ಹತ್ತಿರ ಒಂದು ಮದ್ದು ಇದೆ. ಯಾವ ಚಿಪ್ಪಿನ ಬ್ರಿಜ್ ತರಬೇಕು ಅನ್ನುವುದೂ ಗೊತ್ತಿದೆ. ಎರಡನ್ನೂ ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕೈದು ಬ್ರಿಜ್ ಕಸಕ್ಕೆ ಹಾಕಿ ಕಲಿತದ್ದು, ಸ್ವಲ್ಪ ದಿನ ನನ್ನ ಹೊಟ್ಟೆಪಾಡಿಗೂ ಇರಲಿ.

ಕೊನೆಯ ಶತ್ರು ಮಷಿನ್ನಿಗೆ ಕರೆಂಟು ಕೊಡುವ ಪೆಟ್ಟಿಗೆ, ಎಸ್‌ಎಂಪಿಎಸ್. ಸಂಜೆ ವೋಲ್ಟೇಜ್ ಬಿದ್ದಾಗ ಮಷಿನ್ ಹ್ಯಾಂಗ್. ಎಲ್ಲರೂ ಎಸ್‌ಎಸ್‌ಡಿಯನ್ನೇ ಬೈದರು. ಮಲ್ಟಿಮೀಟರ್ ಇಟ್ಟರೆ 5 ವೋಲ್ಟಿನ ಲೈನು 4.7ಕ್ಕೆ ಇಳಿದಿತ್ತು. 4.75ಕ್ಕಿಂತ ಕೆಳಗೆ ಹೋಗಬಾರದು. 2.5 ಇಂಚಿನ ಎಸ್‌ಎಸ್‌ಡಿ ಬದುಕುವುದೇ ಆ 5 ವೋಲ್ಟಿನ ಮೇಲೆ. ಬಿಚ್ಚಿದರೆ ಒಳಗಿನ ಕೆಪಾಸಿಟರುಗಳು ಉಬ್ಬಿದ್ದವು. ಹೊಸದು ಆರುನೂರೈವತ್ತು. ಅಂದಿನಿಂದ ಹ್ಯಾಂಗ್ ಅನ್ನುವ ಮಾತೇ ಇಲ್ಲ.

ಈಗಿನ ಲೆಕ್ಕ: ಬೂಟ್ ಮೂವತ್ತು ಮೂವತ್ತೈದು ಸೆಕೆಂಡ್, ಪೇಜ್‌ಮೇಕರ್ ಫಾಂಟುಗಳ ಸಮೇತ ಏಳೆಂಟು ಸೆಕೆಂಡ್. ಸೀಕ್ವೆನ್ಶಿಯಲ್ ಸೆಕೆಂಡಿಗೆ 85 ಎಂಬಿ ಹತ್ತಿರ ನಿಲ್ಲುತ್ತದೆ, ಏಕೆಂದರೆ ಈ ಬೋರ್ಡಿನ ಐಡಿಇ 100ರ ಮೇಲೆ ಹೋಗುವುದಿಲ್ಲ. 4ಕೆ ರೀಡ್ ಮಾತ್ರ ಹದಿನೈದರ ಸುತ್ತ. ಅರ್ಧ ಎಂಬಿಯಿಂದ ಹದಿನೈದಕ್ಕೆ, ಅಲ್ವಾ! ಪ್ರೆಸ್ಸಿಗೆ ನಾನು ಹಾಕಿದ ಬಿಲ್ಲು ನಾಲ್ಕೂವರೆ ಸಾವಿರ. ಸಾಮಾನು ಕಳೆದು ನನಗೆ ಎರಡು ಸಾವಿರಕ್ಕೆ ಸ್ವಲ್ಪ ಮೇಲೆ ಉಳಿಯಿತು, ಸಿಎಫ್ ಕಾರ್ಡಿನ ನಷ್ಟ ಅದರಲ್ಲೇ ಮುಳುಗಿತು. ಐ3 ಕೊಟ್ಟಿದ್ದರೆ ಜಾಸ್ತಿ ಉಳಿಯುತ್ತಿತ್ತು. ಆದರೆ ಈ ಪ್ರೆಸ್ಸು ನೋಡಿ ಬಂದ ಗಿರಾಕಿಗಳು ಬೇರೆ ಇದ್ದಾರೆ.

ಹಳೇ 40 ಜಿಬಿ ಡಿಸ್ಕನ್ನು ಬಿಸಾಡಲಿಲ್ಲ. ಅದಿನ್ನೂ ಓದುತ್ತದೆ, ಫೈಲುಗಳ ಒಂದು ಪ್ರತಿ ಅದರಲ್ಲಿದೆ. ಇನ್ನೊಂದು ಪ್ರತಿ ಹೊಸ ಹಾರ್ಡ್‌ಡಿಸ್ಕಿನಲ್ಲಿ. ಕರೆಂಟಿಲ್ಲದೆ ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಬ್ಯಾಕಪ್ಪಿಗೆ ಫ್ಲ್ಯಾಷ್ ಬೇಡ.

ಇದರ ಹುಮ್ಮಸ್ಸಿನಲ್ಲಿ ಇದಕ್ಕಿಂತ ಹೊಸದಾದ ಒಂದು ಎಚ್61 ಬೋರ್ಡಿಗೆ ಪಿಸಿಐಇ ಅಡಾಪ್ಟರಿನಲ್ಲಿ ಸಾಟಾಗಿಂತ ವೇಗದ ಎಸ್‌ಎಸ್‌ಡಿ, ಎನ್‌ವಿಎಂಇ ಹಾಕಿದೆ. ಆ ಬಯಾಸಿಗೆ ಎನ್‌ವಿಎಂಇಯಿಂದ ಬೂಟ್ ಮಾಡಲು ಬರುವುದಿಲ್ಲ. ಕ್ಲೋವರ್ ಬೂಟ್‌ಲೋಡರನ್ನು ಸಣ್ಣ ಪೆನ್‌ಡ್ರೈವಿಗೆ ಹಾಕಿ, ಅದರಲ್ಲಿ ಎನ್‌ವಿಎಂಇ ಡ್ರೈವರ್ ಇಟ್ಟು ಎಬ್ಬಿಸಿದೆ. ಸೆಕೆಂಡಿಗೆ ಸಾವಿರದ ಐನೂರು ಎಂಬಿ ಚಿಲ್ಲರೆ ಬಂತು. ಸ್ಕ್ರೀನ್‌ಶಾಟ್ ತೆಗೆದು ಎಲ್ಲರಿಗೂ ಕಳಿಸಿದೆ. ಟ್ಯಾಲಿ ತೆರೆಯುವ ವಿಷಯದಲ್ಲಿ ಮಾತ್ರ ಸಾಟಾ ಎಸ್‌ಎಸ್‌ಡಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಆ ಪೆನ್‌ಡ್ರೈವನ್ನು ಯಾರೋ ಕಿತ್ತು ಸಿನಿಮಾ ಹಾಕಿಕೊಂಡು ಹೋದರೆ ಮಷಿನ್ನೇ ಬೂಟ್ ಆಗದು. ಗಿರಾಕಿಗೆ ಇದನ್ನು ಕೊಡುವುದಿಲ್ಲ, ಅದು ನನ್ನ ಟೇಬಲ್ಲಿನ ಮೇಲೆಯೇ ಇರಲಿ.

ಈಗ 120 ಜಿಬಿ ಎಸ್‌ಎಸ್‌ಡಿ ಮೊದಲಿನ ರೇಟಿಗೆ ಸಿಗುತ್ತಿಲ್ಲ, ಮೆಮೊರಿಯ ಬೆಲೆಯೇ ಏರಿದೆ. ಲ್ಯಾಪ್‌ಟಾಪಿಗೆ ದೊಡ್ಡದು ಹಾಕಿ ಬಿಚ್ಚಿಟ್ಟ ಹಳೇ 120 ನಿಮ್ಮ ಡ್ರಾಯರಿನಲ್ಲಿ ಇದ್ದರೆ ಹೇಳಿ. ಸ್ಮಾರ್ಟ್‌ನಲ್ಲಿ (ಡಿಸ್ಕೇ ಇಡುವ ಆರೋಗ್ಯದ ಲೆಕ್ಕ) ಆಯುಷ್ಯ ಎಂಬತ್ತು ಪರ್ಸೆಂಟ್ ಮೇಲೆ ಇದ್ದರೆ ಐನೂರು ಕೊಡುತ್ತೇನೆ. ಅಡಿಕೆ ವಖಾರಿಯೊಂದರ ಡಾಟ್‌ಮ್ಯಾಟ್ರಿಕ್ಸ್ ಮಷಿನ್ ಕಾಯುತ್ತಾ ಕೂತಿದೆ.