ನಿಮ್ಮ ಪುಸ್ತಕ ನೀವೇ ಅಚ್ಚು ಹಾಕಿಸಿ, ಆದರೆ ಸದ್ಯಕ್ಕೆ ನೂರೇ ಪ್ರತಿ

ಶಿರಸಿಯ ನಮ್ಮ ಮನೆಯ ಅಟ್ಟದಲ್ಲಿ ಅಡಿಕೆ ಚೀಲದ ಪಕ್ಕ ನನ್ನ ಕವನ ಸಂಕಲನದ ಕಟ್ಟುಗಳಿವೆ. ಸಾವಿರ ಪ್ರತಿ ಹಾಕಿಸಿದರೆ ಒಂದೊಂದಕ್ಕೆ ಖರ್ಚು ಕಡಿಮೆ ಎಂಬ ಲೆಕ್ಕ ಸರಿಯೇ ಇತ್ತು. ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿಯಿತು. ಈಗ ಡಿಜಿಟಲ್ ಮುದ್ರಣದಲ್ಲಿ ನೂರು ಪ್ರತಿಯನ್ನೂ ಮಾಡಿಸಬಹುದು. ಖಾಲಿಯಾದರೆ ಮತ್ತೆ ನೂರು.

ಮೊದಲು ಕರಡು. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಬರುವ ಯುನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಎಡವಟ್ಟಾಗುತ್ತವೆ. ನನ್ನ ಪುಸ್ತಕದಲ್ಲಿ 'ಸೂರ್ಯ' ಮುಳುಗಿ 'ಸೂಯರ್' ಹುಟ್ಟಿದ್ದ! ಮೊಬೈಲಿನಲ್ಲಿ ಸುಮ್ನೆ ಕಣ್ಣಾಡಿಸಿ ಒಪ್ಪಿಗೆ ಕೊಟ್ಟಿದ್ದೆ. ಪುಟ ವಿನ್ಯಾಸ ಮುಗಿದ ಮೇಲೆ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಗಟ್ಟಿಯಾಗಿ ಓದಿ. ಇನ್ನೊಬ್ಬರಿಗೂ ಕೊಡಿ. ನಾವು ಬರೆದದ್ದರಲ್ಲಿ ನಮ್ಮ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಅಲ್ವಾ?

ಕವನಕ್ಕೂ ಕಥೆಗೂ ಡೆಮಿ 1/8 ಎಂಬ ಸಾಮಾನ್ಯ ಪುಸ್ತಕದ ಆಕಾರ ಸಾಕು. ಮುಂದೆ ಹೆಚ್ಚು ಪ್ರತಿ ಬೇಕಾಗಿ ಆಫ್‌ಸೆಟ್‌ ಮುದ್ರಣಕ್ಕೆ ಹೋದರೆ, ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ ಎಂದು ಲೆಕ್ಕ. ನಿಮ್ಮದು 115 ಪುಟವಾದರೆ ಮೂರು ಪುಟ ಇಳಿಸಿ 112ಕ್ಕೆ ತನ್ನಿ. ಏಳೇ ಫಾರಂ ಆಗುತ್ತದೆ.

ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಗೆ, ಯಾರಿಗೂ ದುಡ್ಡು ಕೊಡಬೇಡಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಮುಖಪುಟ ಅಚ್ಚಿಗೆ ಹೋಗುವ ಮೊದಲೇ 13 ಅಂಕಿಯ ಆ ಸಂಖ್ಯೆ ಕೈಯಲ್ಲಿರಬೇಕು. ಇ-ಪುಸ್ತಕಕ್ಕೆ ಬೇರೆಯದೇ ಸಂಖ್ಯೆ ಬೇಕು. ಹಕ್ಕುಸ್ವಾಮ್ಯ ಬರೆದಾಗಲೇ ನಿಮ್ಮದು. ನೋಂದಣಿ ಕಡ್ಡಾಯವಲ್ಲ.

ಬೆಲೆ ಇಡುವಾಗ ಸಂಕೋಚ ಬೇಡ. ಒಂದು ಪ್ರತಿಗೆ 90 ರೂಪಾಯಿ ಬಿದ್ದಿದೆ, ಬೆಲೆ 150 ಇಟ್ಟಿರಿ ಎನ್ನೋಣ. ಅಂಗಡಿಯವರು 35 ಶೇಕಡಾ ಕಮಿಷನ್ ಹಿಡಿದರೆ ಕೈಗೆ ಬರುವುದು 97.50. ಉಳಿತಾಯ ಏಳೂವರೆ ರೂಪಾಯಿ! ಅದರಲ್ಲಿ ಬಿಡುಗಡೆ ದಿನದ ಚಹಾ ಖರ್ಚೂ ಹುಟ್ಟುವುದಿಲ್ಲ. ಹಾಗಾಗಿ ಮೊದಲ ಮಾರಾಟ ಬಿಡುಗಡೆಯ ಸಭಾಂಗಣದ ಬಾಗಿಲಲ್ಲೇ ಆಗಲಿ. ನೆಂಟರಿಗೆ ಪುಕ್ಕಟೆ ಹಂಚುವ ಪ್ರತಿಗಳನ್ನು ಮೊದಲೇ ಎಣಿಸಿಡಿ. ಇಲ್ಲದಿದ್ದರೆ ಅದೇ ಜಾಸ್ತಿಯಾಗುತ್ತದೆ.

ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಚೆನ್ನೈ, ಮುಂಬಯಿ, ದಿಲ್ಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಒಂದೊಂದು. ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯ್ದೆ ಹೀಗೆ ಹೇಳುತ್ತದೆ.

ಅಚ್ಚಿನ ಕೆಲಸ ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಉಳಿದ ಕಟ್ಟುಗಳನ್ನು ಮಂಚದ ಮೇಲಿಡಿ, ಗೋಡೆಗೆ ತಾಗಿಸಬೇಡಿ. ನಮ್ಮ ಮಳೆ ಗೊತ್ತಲ್ಲ.