ಫೀನಿಕ್ಸ್ ರೈಟ್‌ನ ಪಾಟಿಸವಾಲು: ತಾಳ್ಮೆ ಕೆಡದಂತೆ ಆಡುವ ಬಗೆ

ಇಪ್ಪತ್ತೆರಡು ವರ್ಷಗಳಿಂದ ನಾನು ಜಿಲ್ಲಾ ನ್ಯಾಯಾಲಯವೊಂದರಲ್ಲಿ ಶೀಘ್ರಲಿಪಿಗಾರ್ತಿ. ವಕೀಲರು ಕೇಳಿದ್ದು, ಸಾಕ್ಷಿ ಹೇಳಿದ್ದು, ನ್ಯಾಯಾಧೀಶರು ಬರೆಸಿದ್ದು ಎಲ್ಲವೂ ನನ್ನ ಬೆರಳಿನಿಂದ ಹಾದುಹೋಗಬೇಕು. “ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ” ಎಂಬ ವಾಕ್ಯವನ್ನು ಎಷ್ಟು ಸಾವಿರ ಸಲ ಹೊಡೆದಿದ್ದೇನೋ ಲೆಕ್ಕವಿಲ್ಲ. ನಮ್ಮಲ್ಲಿ ಬಹುತೇಕ ಪಾಟಿಸವಾಲು ಮುಗಿಯುವುದು ಆ ವಾಕ್ಯದಲ್ಲೇ. ಅದನ್ನು ಹೇಳುವಾಗ ಯಾವ ಸಾಕ್ಷಿಯೂ ಬೆವರಿದ್ದನ್ನು ನಾನು ಕಂಡಿಲ್ಲ.

ಹೀಗಿರುವಾಗ ತಮ್ಮನ ಮಗಳು ಆಡಿ ಬಿಟ್ಟಿದ್ದ ನಿಂಟೆಂಡೊ ಡಿಎಸ್ ಲೈಟ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರ ನನ್ನ ಪಾಲಿಗೆ ಬಂತು. “ಅತ್ತೆ, ಇದರಲ್ಲಿರುವುದು ನಿಮ್ಮ ಆಫೀಸಿನ ಆಟ” ಎಂದು ನಕ್ಕಳು. ಒಳಗಿದ್ದದ್ದು ‘ಫೀನಿಕ್ಸ್ ರೈಟ್: ಏಸ್ ಅಟಾರ್ನಿ’, ಆರೋಪಿ ಪರ ವಕೀಲನಾಗಿ ಆಡುವ ವಿಡಿಯೊ ಆಟ. ಅಲ್ಲಿ ಸಾಕ್ಷಿಗಳು ಬೆವರುತ್ತಾರೆ, ಅರಚುತ್ತಾರೆ, ತಲೆಯ ಮೇಲಿನ ಕೃತಕ ಕೂದಲನ್ನೇ ಕಿತ್ತು ಎಸೆಯುತ್ತಾರೆ. ಬಸ್ಸಿನಲ್ಲಿ ದಿನಕ್ಕೆ ಒಂದೂಕಾಲು ಗಂಟೆ ಕೂರುವ ನನಗೆ ಅಷ್ಟು ಸಾಕಾಯಿತು. ಮೊದಲ ಸಲ ಆಡುವಾಗ ಮೂರು ಬಾರಿ ಅದನ್ನು ಸಿಟ್ಟಿನಿಂದ ಮುಚ್ಚಿ ಚೀಲಕ್ಕೆ ತುರುಕಿದ್ದೂ ಉಂಟು. ಆ ಸಿಟ್ಟು ನಿಮಗೆ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಟದ ಕುಲಗೋತ್ರ. ಜಪಾನಿನ ಆಟ ತಯಾರಿಕಾ ಕಂಪನಿ ಕ್ಯಾಪ್‌ಕಾಮ್ ಇದನ್ನು 2001ರ ಅಕ್ಟೋಬರಿನಲ್ಲಿ ನಿಂಟೆಂಡೊದ ಆಗಿನ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ಗೆ ‘ಗ್ಯಾಕುತೆನ್ ಸೈಬಾನ್’ ಎಂಬ ಹೆಸರಿನಲ್ಲಿ ತಂದಿತು; ತಲೆಕೆಳಗಾಗುವ ವಿಚಾರಣೆ ಎಂದು ಅದರ ಅರ್ಥ. ಕಥೆ ಬರೆದು ನಿರ್ದೇಶಿಸಿದವರು ಶು ತಕುಮಿ. ಜೊತೆಗಿದ್ದದ್ದು ಬೆರಳೆಣಿಕೆಯ ಜನರ ತಂಡ. 2005ರಲ್ಲಿ ಡಿಎಸ್‌ಗೆ ಬಂದಾಗ ಐದನೆಯದೊಂದು ಪ್ರಕರಣ ಸೇರಿತು, ಇಂಗ್ಲಿಷೂ ಬಂತು. ಇಂಗ್ಲಿಷಿನಲ್ಲಿ ಕಥೆ ನಡೆಯುವ ಊರು ಲಾಸ್ ಏಂಜಲೀಸ್ ಆಯಿತು, ನಾಯಕ ನಾರುಹೊದೊ ಫೀನಿಕ್ಸ್ ರೈಟ್ ಆದ. ಜಪಾನಿಯಲ್ಲಿ ‘ನಾರುಹೊದೊ’ ಎಂದರೆ ‘ಓಹೋ, ಹಾಗೋ’ ಎಂದಂತೆ. ನಮ್ಮ ಕಡತಗಳಲ್ಲಿ ಪಿ.ಡಬ್ಲ್ಯು. ಎಂದರೆ ಪ್ರಾಸಿಕ್ಯೂಷನ್ ಸಾಕ್ಷಿ. ಇಲ್ಲಿ ಆರೋಪಿಯ ಪರ ನಿಲ್ಲುವ ವಕೀಲನ ಹೆಸರಿನ ಮೊದಲಕ್ಷರಗಳೇ ಅವು. ಇದಕ್ಕೆ ನಕ್ಕಿದ್ದು ನಮ್ಮ ಕಚೇರಿಯಲ್ಲಿ ನಾನೊಬ್ಬಳೇ.

ಕೊಳ್ಳುವ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಬಳಿ ನಿಂಟೆಂಡೊದ ಸ್ವಿಚ್ ಯಂತ್ರ ಇದ್ದರೆ 2019ರಲ್ಲಿ ಬಂದ, ಈ ಸರಣಿಯ ಮೊದಲ ಮೂರು ಆಟಗಳಿರುವ ಸಂಪುಟ ಸಾಕು. ಹಳೆಯ ಡಿಎಸ್ ಇದ್ದರೆ ಜಪಾನಿನ ಕಾರ್ಟ್ರಿಜ್ (ಯಂತ್ರಕ್ಕೆ ಸಿಕ್ಕಿಸುವ, ಆಟವಿರುವ ಚಿಕ್ಕ ಕಾರ್ಡ್) ಸಿಕ್ಕರೂ ಬಿಡಬೇಡಿ, ಅದರಲ್ಲಿ ಇಂಗ್ಲಿಷನ್ನು ಆರಿಸಿಕೊಳ್ಳಬಹುದು. ನಕಲಿ ಕಾರ್ಟ್ರಿಜ್ ಬಗ್ಗೆ ಮಾತ್ರ ಎಚ್ಚರ. ಎರಡನೆಯ ಆಟವನ್ನು ನಾನು ಒಬ್ಬ ವ್ಯಾಪಾರಿಯಿಂದ ತರಿಸಿಕೊಂಡಿದ್ದೆ. ನಾಲ್ಕು ಗಂಟೆ ಆಡಿ ಉಳಿಸಿಟ್ಟದ್ದು ಮರುದಿನ ಬೆಳಿಗ್ಗೆ ಮಾಯವಾಗಿತ್ತು. ಕೊಂಡ ದಿನವೇ ಒಮ್ಮೆ ಆಟ ಉಳಿಸಿ, ಯಂತ್ರ ಆರಿಸಿ, ಮತ್ತೆ ತೆರೆದು ನೋಡಿ.

ತನಿಖೆ

ಪ್ರತಿ ಪ್ರಕರಣಕ್ಕೂ, ಮೊದಲನೆಯದನ್ನು ಬಿಟ್ಟು, ಎರಡು ಮುಖಗಳಿವೆ. ನ್ಯಾಯಾಲಯದ ಹೊರಗೆ ಜಾಗದಿಂದ ಜಾಗಕ್ಕೆ ಹೋಗುವುದು, ಪರೀಕ್ಷಿಸುವುದು, ಮಾತಾಡುವುದು, ವಸ್ತು ತೋರಿಸುವುದು. ಅಷ್ಟಾದ ಮೇಲೆ ವಿಚಾರಣೆ. ತನಿಖೆಯೇ ಆಟದ ಬೇಸರದ ಭಾಗ, ಅದನ್ನು ಮುಚ್ಚಿಡುವುದು ಬೇಡ. ಆಟಕ್ಕೆ ಅದರದೇ ಒಂದು ಪಟ್ಟಿ ಇರುತ್ತದೆ. ಇಂಥವರ ಬಳಿ ಇಂಥ ಮಾತು ಕೇಳಿ, ಇಂಥ ಮೂಲೆಯಲ್ಲಿ ಇಂಥ ವಸ್ತು ನೋಡುವ ತನಕ ಮುಂದಿನ ಬಾಗಿಲು ತೆರೆಯುವುದಿಲ್ಲ. ಮುಂದೇನು ಮಾಡಬೇಕೆಂದು ನಿಮಗೆ ಸ್ಪಷ್ಟವಾಗಿ ಗೊತ್ತಿರುತ್ತದೆ, ಆದರೂ ಖಾಲಿ ಕೋಣೆಯಿಂದ ಖಾಲಿ ಕೋಣೆಗೆ ಅಲೆಯುತ್ತೀರಿ. ಸಹಿ ಹಾಕಬೇಕಾದ ಗುಮಾಸ್ತರು ಊಟಕ್ಕೆ ಹೋದಾಗ ನಮ್ಮ ಕಕ್ಷಿದಾರರು ಅಲೆಯುವುದೂ ಹೀಗೆಯೇ.

ಇದಕ್ಕೆ ಮದ್ದು ಶಿಸ್ತು. ಒಂದು ಜಾಗಕ್ಕೆ ಹೋದೊಡನೆ ಪರದೆಯನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗುಡಿಸಿದಂತೆ ಪರೀಕ್ಷಿಸಿ. ಅಲ್ಲಿರುವವರ ಬಳಿ ಎಲ್ಲ ವಿಷಯಗಳನ್ನೂ ಕೇಳಿ. ಒಂದು ವಿಷಯ ಕೇಳಿದ ಮೇಲೆ ಹೊಸದೊಂದು ಹುಟ್ಟಿದೆಯೇ ಎಂದು ಮತ್ತೆ ನೋಡಿ. ಆಮೇಲೆ ನಿಮ್ಮಲ್ಲಿರುವ ವಸ್ತುಗಳನ್ನು ಒಂದೊಂದಾಗಿ ತೋರಿಸಿ. ಮೊದಲ ಆಟದ ತನಿಖೆಯಲ್ಲಿ ಹೀಗೆ ತೋರಿಸುವುದಕ್ಕೆ ದಂಡವಿಲ್ಲ. ವಕೀಲನ ಬಿಲ್ಲೆಯನ್ನು ಕಂಡಕಂಡವರಿಗೆಲ್ಲ ತೋರಿಸಿ ಉಗಿಸಿಕೊಳ್ಳುವುದರಲ್ಲೂ ಒಂದು ಸುಖವಿದೆ. ಪತ್ತೇದಾರ ಗಮ್‌ಶೂ ಸಿಕ್ಕಾಗಲಂತೂ ಅವಸರ ಮಾಡಬೇಡಿ. ಮಾತು ಮಾತಿಗೂ ಸಂಬಳ ಕಡಿತವಾಗುವ ಆ ಬಡಪಾಯಿ, ಹೇಳಬಾರದ್ದನ್ನೆಲ್ಲ ಹೇಳಿಬಿಡುತ್ತಾನೆ. ಎಲ್ಲ ಮುಗಿದರೂ ಕಥೆ ಕದಲದಿದ್ದರೆ ಮೊದಲು ಹೋಗಿದ್ದ ಜಾಗಕ್ಕೆ ಹಿಂತಿರುಗಿ. ಆಗ ಖಾಲಿಯಿದ್ದ ಕಡೆ ಈಗ ಯಾರೋ ನಿಂತಿರುತ್ತಾರೆ.

ಪಾಟಿಸವಾಲು

ಆಟದ ಜೀವ ಇರುವುದು ಇಲ್ಲಿ. ಸಾಕ್ಷಿ ಒಂದು ಹೇಳಿಕೆ ಕೊಡುತ್ತಾನೆ. ಆಮೇಲೆ ಅದೇ ಹೇಳಿಕೆ ಒಂದೊಂದೇ ವಾಕ್ಯವಾಗಿ ನಿಮ್ಮ ಮುಂದೆ ಬರುತ್ತದೆ. ಪ್ರತಿ ವಾಕ್ಯಕ್ಕೂ ನೀವು ಮಾಡಬಹುದಾದ್ದು ಎರಡೇ: ಕೆದಕಿ ಕೇಳುವುದು, ಇಲ್ಲವೇ ಆಕ್ಷೇಪಿಸಿ ದಾಖಲೆ ಹಾಜರುಪಡಿಸುವುದು. ಜಪಾನಿಯಲ್ಲಿ ನಾಯಕ ಕೂಗುವುದು ‘ಇಗಿ ಆರಿ’ ಎಂದು. ‘ಇಗಿ’ ಎಂದರೆ ಆಕ್ಷೇಪಣೆ, ‘ಆರಿ’ ಎಂದರೆ ಇದೆ. “ಆಕ್ಷೇಪಣೆ ಇದೆ ಸ್ವಾಮಿ” ಎಂದು ನಮ್ಮ ವಕೀಲರು ಏಳುವ ಧಾಟಿಯೇ. ಡಿಎಸ್‌ನಲ್ಲಿ ಗುಂಡಿ ಒತ್ತಿ ಹಿಡಿದು ಮೈಕಿಗೆ ಬಾಯಿಂದಲೇ ಕೂಗಬಹುದು. ಬಸ್ಸಿನಲ್ಲಿ ಬೇಡ. ಮನೆಯಲ್ಲಿ ನಾನು ಒಮ್ಮೆ ಕೂಗಿದಾಗ ಅತ್ತೆಯವರು ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದೇ ಓಡಿ ಬಂದರು.

ಹೊಸಬರು ಮಾಡುವ ದೊಡ್ಡ ತಪ್ಪು ಕೊಲೆಗಾರ ಯಾರು ಎಂದು ಯೋಚಿಸುವುದು. ಮೊದಲ ಪ್ರಕರಣದ ಮೊದಲ ದೃಶ್ಯದಲ್ಲೇ ಕೊಲೆಗಾರನನ್ನು ತೋರಿಸಿಬಿಡುತ್ತಾರೆ. ಹಾಗಾಗಿ ಪ್ರಶ್ನೆ ‘ಯಾರು’ ಎಂಬುದಲ್ಲ, ‘ಯಾವ ವಾಕ್ಯ, ಯಾವ ಕಾಗದ’ ಎಂಬುದು. ಇದು ವಕೀಲರ ಆಟವೆಂದು ಹೆಸರಷ್ಟೇ. ನಿಜದಲ್ಲಿ ನನ್ನಂಥ ಶೀಘ್ರಲಿಪಿಯವರ ಆಟ. ಹೇಳಿದವನ ಮುಖ, ಕಣ್ಣೀರು, ನೀವು ಮನಸ್ಸಿನಲ್ಲಿ ಕಟ್ಟಿಕೊಂಡ ಕಥೆ ಯಾವುದೂ ಲೆಕ್ಕಕ್ಕಿಲ್ಲ. ಬರೆದದ್ದು ಏನು, ಅಷ್ಟೇ.

ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಹಾಳೆಯ ಎಡಕ್ಕೆ ಸಾಕ್ಷಿಯ ವಾಕ್ಯಗಳು, ಒಂದು, ಎರಡು, ಮೂರು ಎಂದು. ಪ್ರತಿ ವಾಕ್ಯದಲ್ಲಿರುವ ಹೊತ್ತು, ಜಾಗ, ವಸ್ತು ಈ ಮೂರನ್ನು ಅಡಿಗೆರೆ ಎಳೆದು ಗುರುತಿಸುತ್ತೇನೆ. ಬಲಕ್ಕೆ ದಾಖಲೆಗಳು, ನಮ್ಮ ಪದ್ಧತಿಯಂತೆ ನಿಶಾನೆ ಸಂಖ್ಯೆ ಕೊಟ್ಟು. ಎಡದ ಅಡಿಗೆರೆಯೂ ಬಲದ ಕಾಗದವೂ ಒಂದೇ ಸಂಗತಿಯ ಬಗ್ಗೆ ಬೇರೆ ಬೇರೆ ಮಾತು ಹೇಳಿದರೆ ಅಲ್ಲಿದೆ ನಿಮ್ಮ ಆಕ್ಷೇಪಣೆ.

ಮೊದಲ ಪ್ರಕರಣವನ್ನೇ ನೋಡಿ. ಅದು ಪಾಠದ ಪ್ರಕರಣ, ಹೇಳಿದರೆ ರಸಭಂಗವಿಲ್ಲ. ಹೆಣ ಕಂಡೆನೆಂದು ಬಂದವನು ಫ್ರಾಂಕ್ ಸಾವಿಟ್. ‘ಕಣ್ಣಾರೆ ಕಂಡೆ’ ಎಂಬುದರ ಮೇಲೆ ಇಂಗ್ಲಿಷಿನವರು ಕಟ್ಟಿದ ಹೆಸರು. ಕನ್ನಡದ ಕಿವಿಗೆ ಅದರಲ್ಲಿ ಸಾವೂ ಕೇಳಿಸುತ್ತದೆ. ಅವನ ಹೇಳಿಕೆಯಲ್ಲಿ ಏಳೆಂಟು ವಾಕ್ಯಗಳು. ಪತ್ರಿಕೆಯ ಚಂದಾ ಕೇಳಿಕೊಂಡು ಹೋಗುತ್ತಿದ್ದೆ, ಯಾರೋ ಓಡಿದ, ಬಾಗಿಲು ಅರ್ಧ ತೆರೆದಿತ್ತು, ಒಳಗಿನ ಫೋನ್ ಕೆಲಸ ಮಾಡಲಿಲ್ಲ ಎಂದೆಲ್ಲ. ಎಲ್ಲವೂ ಅನುಮಾನಾಸ್ಪದವಾಗಿ ಕಾಣುತ್ತದೆ. ಆದರೆ ಅಡಿಗೆರೆ ಎಳೆದರೆ ಕಾಗದಕ್ಕೆ ತಾಗುವ ಹೊತ್ತು ಒಂದೇ: ಮಧ್ಯಾಹ್ನ 1 ಗಂಟೆ. ಮರಣೋತ್ತರ ಪರೀಕ್ಷೆಯ ವರದಿ ಹೇಳುವುದು ಸಾವು ಸಂಜೆ 4ರಿಂದ 5ರ ನಡುವೆ ಎಂದು. ಹಾಜರುಪಡಿಸಿ.

ಅವನು ಮಾತು ಬದಲಿಸುತ್ತಾನೆ. ಟಿವಿಯಿಂದ ಸಮಯ ಕೇಳಿಸಿತು ಎನ್ನುತ್ತಾನೆ. ಆ ಹೊತ್ತಿನಲ್ಲಿ ಕಟ್ಟಡಕ್ಕೆ ವಿದ್ಯುತ್ತೇ ಇರಲಿಲ್ಲ ಎಂಬ ದಾಖಲೆ ನಿಮ್ಮ ಬಳಿ ಇದೆ. ಮತ್ತೆ ಬದಲಿಸಿ, ಅಲ್ಲೊಂದು ಗಡಿಯಾರವಿತ್ತು ಎನ್ನುತ್ತಾನೆ. ಕೊಲೆಗೆ ಬಳಸಿದ್ದು ನೋಡುವುದಕ್ಕೆ ಬರೀ ವಿಗ್ರಹ. ಮುಟ್ಟದವನಿಗೆ ಅದು ಗಡಿಯಾರವೆಂದು ತಿಳಿಯುವುದು ಹೇಗೆ? ಹೀಗೆ ಒಂದು ಸುಳ್ಳನ್ನು ಮುಚ್ಚಲು ಬಂದ ಇನ್ನೊಂದು ಸುಳ್ಳನ್ನು ಹಿಡಿಯುತ್ತಾ ಹೋಗುವುದೇ ಈ ಆಟದ ರುಚಿ. ಕೊನೆಯ ಹೆಜ್ಜೆಯನ್ನು ಮಾತ್ರ ನೀವೇ ಇಡಿ.

ಗಮನಿಸಿ, ಗಡಿಯಾರದ ವಿಷಯ ನಿಮಗೆ ಮೊದಲ ಹೇಳಿಕೆಯಲ್ಲೇ ಹೊಳೆದಿರಬಹುದು. ಆಗಲೇ ವಿಗ್ರಹವನ್ನು ತೋರಿಸಿದರೆ ಆಟ ನಿಮಗೆ ದಂಡ ಹಾಕುತ್ತದೆ. ಈ ಆಟದ ಮೇಲೆ ಇರುವ ದೊಡ್ಡ ದೂರೇ ಇದು, ನನ್ನದೂ ಹೌದು. ಆಟಗಾರ ಎರಡು ಹೆಜ್ಜೆ ಮುಂದಿದ್ದರೆ ಹಿಂದುಳಿದವನಿಗಿಂತ ಹೆಚ್ಚು ಒದೆ ತಿನ್ನುತ್ತಾನೆ. ನಾನು ಕಂಡುಕೊಂಡ ದಾರಿ ಇಷ್ಟು: ‘ನನಗೆ ಏನು ಗೊತ್ತು’ ಎಂದು ಕೇಳಿಕೊಳ್ಳಬೇಡಿ; ‘ಈಗ ಪರದೆಯ ಮೇಲಿರುವ ಈ ಒಂದು ವಾಕ್ಯವನ್ನು ಸುಳ್ಳಾಗಿಸುವ ಕಾಗದ ಯಾವುದು’ ಎಂದು ಕೇಳಿಕೊಳ್ಳಿ. ವಾಕ್ಯ ನಿಜವೇ ಆಗಿದ್ದರೆ, ನಿಮ್ಮ ಬಳಿ ಎಂಥ ಬ್ರಹ್ಮಾಸ್ತ್ರವಿದ್ದರೂ ಒಳಗಿಡಿ.

ಹಾಜರುಪಡಿಸುವ ಮೊದಲು ಎಲ್ಲ ವಾಕ್ಯಗಳನ್ನೂ ಒಂದು ಸುತ್ತು ಕೆದಕಿ. ಬಹುತೇಕ ಕಡೆ ಅದಕ್ಕೆ ದಂಡವಿಲ್ಲ. ಕೆದಕಿದಾಗ ಸಾಕ್ಷಿ ಕೆಲವೊಮ್ಮೆ ಹೊಸ ವಾಕ್ಯ ಸೇರಿಸುತ್ತಾನೆ, ಹಳೆಯದನ್ನು ತಿದ್ದುತ್ತಾನೆ. ಎಲ್ಲೂ ವಿರೋಧ ಕಾಣದ ಹೇಳಿಕೆಗೆ ಸಾಮಾನ್ಯವಾಗಿ ಇದೇ ಕೀಲಿ. ನಾಲ್ಕನೆಯ ಪ್ರಕರಣದಲ್ಲಿ ಒಂದು ಗಿಳಿಗೆ ಪಾಟಿಸವಾಲು ಮಾಡಬೇಕಾಗುತ್ತದೆ. ನಗಬೇಡಿ, ಗಿಳಿಗೂ ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ಕೊಡಿ.

ದಾಖಲೆಗಳನ್ನು ಓದಿದ್ದೇನೆ ಎಂದು ನಂಬಿ ಕೂರುವುದೂ ಅಪಾಯ. ಎರಡನೆಯ ಪ್ರಕರಣದಲ್ಲಿ ಪ್ರಾಸಿಕ್ಯೂಟರ್ ಎಜ್‌ವರ್ತ್ ವಿಚಾರಣೆಯ ನಡುವೆಯೇ ಪರಿಷ್ಕೃತ ಮರಣೋತ್ತರ ವರದಿಯನ್ನು ತಂದಿಡುತ್ತಾನೆ. ನಮ್ಮಲ್ಲಿ ಹಾಗೆ ಮಾಡಿದ್ದರೆ ಆರೋಪಿ ಪರ ವಕೀಲರು ಪ್ರತಿಗಾಗಿ ಅರ್ಜಿ ಹಾಕಿ ಒಂದು ವಾಯಿದೆ ಕೇಳುತ್ತಿದ್ದರು, ಸಿಗುತ್ತಿತ್ತು ಕೂಡ. ಆಟದಲ್ಲಿ ವಾಯಿದೆ ಇಲ್ಲ. ಮೂರು ದಿನದೊಳಗೆ ವಿಚಾರಣೆ ಮುಗಿಯಬೇಕೆಂಬುದು ಅಲ್ಲಿನ ಕಾನೂನು. ಮೊದಲ ಸಲ ಇದನ್ನು ಓದಿದಾಗ ಮುಂದಿನ ನಿಲ್ದಾಣದ ತನಕ ನಗುತ್ತಲೇ ಇದ್ದೆ. ಆದ್ದರಿಂದ ಪರದೆಯಲ್ಲಿ ದಾಖಲೆ ಬದಲಾಯಿತೆಂಬ ಸೂಚನೆ ಕಂಡ ಕೂಡಲೇ ಹೋಗಿ ಮತ್ತೆ ಓದಿ. ವಸ್ತುವಿನ ವಿವರದಲ್ಲಿ ಹೆಚ್ಚಾದ ಒಂದೇ ಪದ ಮುಂದಿನ ಉತ್ತರವಾಗಿರುತ್ತದೆ.

ದಂಡ ಮತ್ತು ಉಳಿತಾಯ

ಮೊದಲ ಆಟದಲ್ಲಿ ನಿಮಗೆ ಐದು ಆಶ್ಚರ್ಯಸೂಚಕ ಚಿಹ್ನೆಗಳು. ತಪ್ಪು ದಾಖಲೆಗೆ ಒಂದೊಂದು ಹೋಗುತ್ತದೆ, ಐದೂ ಹೋದರೆ ಗಡ್ಡದ ನ್ಯಾಯಾಧೀಶರು ಸುತ್ತಿಗೆ ಬಡಿದು ‘ತಪ್ಪಿತಸ್ಥ’ ಎಂದುಬಿಡುತ್ತಾರೆ. (ಇಪ್ಪತ್ತೆರಡು ವರ್ಷಗಳಲ್ಲಿ ನಾನು ನಮ್ಮ ಪೀಠದ ಮೇಲೆ ಸುತ್ತಿಗೆ ಕಂಡಿಲ್ಲ. ಇರುವುದು ಕರೆಗಂಟೆ, ಅದೂ ಜವಾನನಿಗಾಗಿ.) ಹಾಗಾಗಿ ಹೊಸ ಹೇಳಿಕೆ ಶುರುವಾದಾಗ ಒಮ್ಮೆ ಉಳಿಸಿ. ತಪ್ಪಿದರೆ ಯಂತ್ರ ಆರಿಸಿ, ಉಳಿಸಿದ ಕಡೆಯಿಂದ ಮತ್ತೆ ಬನ್ನಿ. ಮೊದಮೊದಲು ಇದು ಮೋಸವೆನಿಸಿತ್ತು. ಮೂರನೆಯ ಪ್ರಕರಣದಲ್ಲಿ ಕಾವಲುಗಾರ್ತಿ ಓಲ್ಡ್‌ಬ್ಯಾಗ್ ಅಜ್ಜಿಯ ಉದ್ದುದ್ದ ಬೈಗುಳವನ್ನು ನಿಧಾನಗತಿಯಲ್ಲಿ ಎರಡನೆಯ ಸಲ ಓದಬೇಕಾಗಿ ಬಂದಾಗ ನನ್ನ ನೀತಿಯನ್ನು ನಾನೇ ತಿದ್ದುಪಡಿ ಮಾಡಿಕೊಂಡೆ.

ಡಿಎಸ್‌ಗಾಗಿ ಸೇರಿಸಿದ ಐದನೆಯ ಪ್ರಕರಣಕ್ಕೆ ಬಿಡುವಿನ ದಿನ ಬೇಕು, ಅದು ತುಂಬಾ ಉದ್ದ. ಲ್ಯೂಮಿನಾಲ್ ಎಂಬ ರಾಸಾಯನಿಕ ಸಿಂಪಡಿಸಿ ಒರೆಸಿದ ರಕ್ತದ ಗುರುತು ಹುಡುಕುವುದು, ಬೆರಳಚ್ಚಿನ ಮೇಲೆ ಪುಡಿ ಉದುರಿಸಿ ಮೈಕಿಗೆ ಊದುವುದು ಎಲ್ಲ ಅದರಲ್ಲಿದೆ. ಊದುವಾಗ ಮೆಲ್ಲಗೆ, ಉದ್ದವಾಗಿ ಊದಿ; ಒಲೆ ಊದಿ ಅಭ್ಯಾಸವಿದ್ದವರಿಗೆ ಕಲಿಸಬೇಕಿಲ್ಲ.

ಎರಡನೆಯ ಆಟದಲ್ಲಿ ಲೆಕ್ಕ ಬದಲಾಗುತ್ತದೆ. ಐದು ಚಿಹ್ನೆಗಳ ಬದಲು ಒಂದು ಹಸಿರು ಪಟ್ಟಿ ಬರುತ್ತದೆ, ಕೆಲವು ತಪ್ಪುಗಳಿಗೆ ಅದರ ದೊಡ್ಡ ತುಂಡೇ ಹೋಗುತ್ತದೆ. ತನಿಖೆಯಲ್ಲೂ ಗುಟ್ಟು ಮುಚ್ಚಿಟ್ಟವರ ಸುತ್ತ ಸರಪಳಿ, ಬೀಗ ಕಾಣುತ್ತವೆ. ಅಲ್ಲಿ ತಪ್ಪು ವಸ್ತು ತೋರಿಸಿದರೂ ಪಟ್ಟಿ ಸವೆಯುತ್ತದೆ. ಬೀಗಗಳನ್ನು ಎಣಿಸಿ, ಅಷ್ಟಕ್ಕೂ ಪುರಾವೆ ಕೈಯಲ್ಲಿದೆ ಎನಿಸಿದ ಮೇಲೆ ಕೈಹಾಕಿ. ಸಾಲದಿದ್ದರೆ ಅರ್ಧದಲ್ಲೇ ಎದ್ದು ಬರಬಹುದು. ಎಲ್ಲ ಒಡೆದರೆ ಸವೆದದ್ದು ಸ್ವಲ್ಪ ತುಂಬಿಕೊಳ್ಳುತ್ತದೆ. ಸರ್ಕಸ್ಸಿನ ಕೊಲೆಯ ಮೂರನೆಯ ಪ್ರಕರಣದಲ್ಲಿ ನಾನೀಗ ಇದ್ದೇನೆ. ವಿದೂಷಕನ ಹೇಳಿಕೆಗೆ ಮೂರು ಹಾಳೆ ತುಂಬಿವೆ, ಅಡಿಗೆರೆ ಎಳೆಯುವಂಥದ್ದು ಇನ್ನೂ ಒಂದೂ ಸಿಕ್ಕಿಲ್ಲ.